ಸ್ಲೈಡು ಹಗುರವಿರಲಿ, ಮಾತು ಗಟ್ಟಿಯಿರಲಿ



ನಿಮ್ಮಲ್ಲಿ ಹಲವರು ವಿಜ್ಞಾನ ಮೇಳಕ್ಕೋ ವಿಚಾರಗೋಷ್ಠಿಗೋ ತಯಾರಾಗುತ್ತಿರಬಹುದು. ಮೊದಲೆಲ್ಲ ಡ್ರಾಯಿಂಗ್ ಹಾಳೆ, ಸ್ಕೆಚ್ ಪೆನ್ನು, ಅಳತೆಪಟ್ಟಿ ಇದ್ದರೆ ಸಾಕಿತ್ತು. ಈಗ ಎಷ್ಟೋ ಕಡೆ "ಸ್ಲೈಡ್ ಮಾಡಿಕೊಂಡು ಬನ್ನಿ" ಎನ್ನುತ್ತಾರೆ. ಶಾಲೆಯ ಮೂಲೆಯಲ್ಲಿರುವ ಹಳೆಯ ಗಣಕದ ಮೇಲಿನ ಬಟ್ಟೆ ಸರಿಸಿ, ಧೂಳು ಒರೆಸಿ ನೀವು ಕೂರುತ್ತೀರಿ. ಅದರಲ್ಲಿ ಲಿನಕ್ಸ್ ಇರುತ್ತದೆ. ಆಗ ಏಳುವ ಪ್ರಶ್ನೆ: ಯಾವ ತಂತ್ರಾಂಶದಲ್ಲಿ ಸ್ಲೈಡ್ ಮಾಡೋಣ?

ಇದಕ್ಕೆ ನನ್ನದೊಂದು ಅಭಿಪ್ರಾಯವಿದೆ. ಅದನ್ನು ಹೇಳುವ ಮೊದಲು ನಾನೇ ಮಾಡಿದ ಒಂದು ತಪ್ಪನ್ನು ಹೇಳಿಬಿಡುತ್ತೇನೆ.

ಏಳು ನಿಮಿಷದಲ್ಲಿ ಐದು ನಿಮಿಷ

ಕೆಲವು ವರ್ಷಗಳ ಹಿಂದಿನ ಮಾತು. ಏಳನೆಯ ತರಗತಿಯ ಒಬ್ಬ ಹುಡುಗಿ ತನ್ನೂರಿನ ಮಳೆಯನ್ನು ಅಳೆದಿದ್ದಳು. ಪ್ಲಾಸ್ಟಿಕ್ ಬಾಟಲಿಯನ್ನು ಕತ್ತರಿಸಿ ಮಳೆಮಾಪಕ ಮಾಡಿಕೊಂಡು, ನಲವತ್ತೈದು ದಿನ ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ ನೋಡಿ ಬರೆದಿಟ್ಟಿದ್ದಳು. ಜ್ವರ ಬಂದ ಎರಡು ದಿನ ಅಂಕಿಯ ಪಕ್ಕದಲ್ಲಿ "ತಮ್ಮ ಅಳೆದದ್ದು" ಎಂದು ಬರೆದಿತ್ತು. ವಿಜ್ಞಾನಕ್ಕೆ ಬೇಕಾದ ಪ್ರಾಮಾಣಿಕತೆ ಎಂದರೆ ಅದೇ ಅಲ್ಲವೆ?

ಅವಳ ನೋಟ್‌ಬುಕ್ ನೋಡಿ ನನಗೆ ಉತ್ಸಾಹ ಬಂತು. "ಸ್ಲೈಡ್ ನಾನು ಮಾಡಿಕೊಡುತ್ತೇನೆ" ಎಂದೆ. ಇಪ್ಪತ್ತೆರಡು ಸ್ಲೈಡ್ ಮಾಡಿದೆ. ಹಾರಿ ಬರುವ ಅಕ್ಷರ, ತಿರುಗುವ ಚಿತ್ರ, ಮೊಬೈಲಿನಲ್ಲಿ ತೆಗೆದ ದೊಡ್ಡ ದೊಡ್ಡ ಫೋಟೊ, ಎಲ್ಲವನ್ನೂ ತುಂಬಿದೆ. ನನ್ನ ಗಣಕದಲ್ಲಿ ಅದು ಚೆನ್ನಾಗಿಯೇ ಓಡಿತು.

ಸಭಾಂಗಣದಲ್ಲಿದ್ದದ್ದು ಬೇರೆ ಗಣಕ, ಹಳೆಯದು. ಕಡತ ತೆರೆಯುವುದಕ್ಕೇ ಎರಡು ನಿಮಿಷ ಹಿಡಿಯಿತು. ನಾನು ಬಳಸಿದ್ದ ಅಕ್ಷರಶೈಲಿ ಅಲ್ಲಿರಲಿಲ್ಲ, ಕನ್ನಡವೆಲ್ಲ ಚೌಕ ಚೌಕವಾಗಿ ಕಾಣಿಸಿತು. ಮೂರನೆಯ ಫೋಟೊ ಬರುವಾಗ ಪರದೆ ಹಾಗೆಯೇ ನಿಂತುಬಿಟ್ಟಿತು. ಕೊಟ್ಟಿದ್ದ ಏಳು ನಿಮಿಷದಲ್ಲಿ ಐದು ಮುಗಿದಿತ್ತು. ಆಗ ಆ ಹುಡುಗಿ, "ಸರ್, ಬೋರ್ಡ್ ಮೇಲೆ ಬರೆದು ಹೇಳ್ಲಾ?" ಎಂದಳು. ಸೀಮೆಸುಣ್ಣ ತೆಗೆದುಕೊಂಡು ಗ್ರಾಫ್ ಬರೆಯತೊಡಗಿದಳು. ಚೆನ್ನಾಗಿ ಬರೆದಳು. ಆದರೆ ತಾನು ಕಂಡುಕೊಂಡದ್ದೇನು ಎಂದು ಹೇಳುವ ಮೊದಲೇ ಗಂಟೆ ಬಾರಿಸಿತು.

ಅವಳು ಆಯ್ಕೆಯಾಗಲಿಲ್ಲ. ಬಸ್ಸಿನಲ್ಲಿ ಊರು ಮುಟ್ಟುವವರೆಗೂ ನೋಟ್‌ಬುಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು, ನನ್ನನ್ನು ಒಂದು ಮಾತೂ ಕೇಳಲಿಲ್ಲ. ತಪ್ಪು ಆ ಹಳೆಯ ಗಣಕದ್ದಲ್ಲ, ನನ್ನದು. ನಲವತ್ತೈದು ದಿನದ ಅವಳ ಶ್ರಮದ ಮೇಲೆ ನನ್ನ ಅಲಂಕಾರದ ಮೂಟೆ ಹೇರಿದ್ದೆ.

ಆ ಮೂಟೆಯ ತೂಕ ಎಷ್ಟು?

ಬನ್ನಿ, ಲೆಕ್ಕ ಹಾಕೋಣ. ಗಣಕದಲ್ಲಿ ಚಿತ್ರವೆಂದರೆ ಪಿಕ್ಸೆಲ್ ಎಂಬ ಸಣ್ಣ ಚುಕ್ಕಿಗಳ ಗುಂಪು. ಮೊಬೈಲಿನ ಒಂದು ಫೋಟೊ 4000 ಚುಕ್ಕಿ ಅಗಲ, 3000 ಚುಕ್ಕಿ ಎತ್ತರ ಇದೆ ಎನ್ನೋಣ. ಗುಣಿಸಿದರೆ 1 ಕೋಟಿ 20 ಲಕ್ಷ ಚುಕ್ಕಿ. ಪ್ರತಿ ಚುಕ್ಕಿಗೆ ಕೆಂಪು, ಹಸಿರು, ನೀಲಿ ಎಂದು ಮೂರು ಬೈಟ್ ಬೇಕು. ಒಟ್ಟು 3 ಕೋಟಿ 60 ಲಕ್ಷ ಬೈಟ್! ಕಡತದಲ್ಲಿ ಫೋಟೊ ಇಷ್ಟು ದೊಡ್ಡದಾಗಿ ಕಾಣುವುದಿಲ್ಲ, ಏಕೆಂದರೆ ಅದನ್ನು ಸೀರೆಯಂತೆ ಮಡಿಸಿ ಇಟ್ಟಿರುತ್ತಾರೆ. ತೋರಿಸುವಾಗ ಮಾತ್ರ ಪೂರ್ತಿ ಬಿಡಿಸಲೇಬೇಕು.

ಇಂಥ ಹತ್ತು ಫೋಟೊ ಬಿಡಿಸಿಟ್ಟರೆ 36 ಕೋಟಿ ಬೈಟ್. ಹಳೆಯ ಗಣಕದ ಸ್ಮೃತಿ, ಅಂದರೆ ರ‍್ಯಾಮ್, 1 ಗಿಗಾಬೈಟ್ ಇದ್ದರೆ ಅದು ಸುಮಾರು 107 ಕೋಟಿ ಬೈಟ್. ಮೂರನೆಯ ಒಂದು ಭಾಗವನ್ನು ಫೋಟೊಗಳೇ ತಿಂದುಹಾಕಿದವು. ಕಾರ್ಯಾಚರಣ ವ್ಯವಸ್ಥೆಗೆ, ತಂತ್ರಾಂಶಕ್ಕೆ ಜಾಗ ಬೇಡವೆ?

ತಮಾಷೆಯೆಂದರೆ, ಹಳೆಯ ಪ್ರೊಜೆಕ್ಟರ್ ತೋರಿಸಬಲ್ಲದ್ದು 1024 ಅಗಲ, 768 ಎತ್ತರ, ಅಂದರೆ 8 ಲಕ್ಷಕ್ಕಿಂತ ಕಡಿಮೆ ಚುಕ್ಕಿ. ನಾವು ಕೊಟ್ಟದ್ದು ಅದರ 15 ಪಟ್ಟು. ಲೋಟ ತುಂಬಲು ಕೊಳಾಯಿ ತಿರುಗಿಸಿ ಊಟಕ್ಕೆ ಹೋದ ಹಾಗಾಯಿತು!

ಅಕ್ಷರದ ತೂಕವನ್ನೂ ನೋಡಿ. ಯೂನಿಕೋಡ್‌ನಲ್ಲಿ 'ವಿಜ್ಞಾನ' ಎಂಬ ಪದಕ್ಕೆ ಏಳು ಸಂಕೇತಗಳು: ವ, ಗುಡಿಸು, ಜ, ಅರ್ಧಾಕ್ಷರದ ಚಿಹ್ನೆ, ಞ, ದೀರ್ಘದ ಚಿಹ್ನೆ, ನ. ಕಡತದಲ್ಲಿ ಸಾಮಾನ್ಯವಾಗಿ ಒಂದೊಂದಕ್ಕೆ ಮೂರು ಬೈಟ್. ಒಟ್ಟು 21 ಬೈಟ್. ಒಂದು ಫೋಟೊದ ಜಾಗದಲ್ಲಿ 'ವಿಜ್ಞಾನ' ಎಂದು 17 ಲಕ್ಷ ಸಲ ಬರೆಯಬಹುದು. ಹಾಗೆಂದು ಚಿತ್ರ ಬೇಡ ಎನ್ನುತ್ತಿಲ್ಲ. ಬೇಕಾದ ಚಿತ್ರವನ್ನು ಬೇಕಾದಷ್ಟೇ ದೊಡ್ಡದಾಗಿ ಹಾಕಿ ಎನ್ನುತ್ತಿದ್ದೇನೆ. ಗಿಂಪ್ ಎಂಬ ಉಚಿತ ತಂತ್ರಾಂಶದಲ್ಲಿ ಫೋಟೊವನ್ನು ಮೊದಲೇ ಕಿರಿದು ಮಾಡಿಕೊಳ್ಳಬಹುದು.

ಯುನಿಕ್ಸ್ ಕಲಿಸುವ ಪಾಠ

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮತ್ತು ಅವರ ಸಂಗಡಿಗರು ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಕಟ್ಟಲು ತೊಡಗಿದರು. ಆಗಿನ ಗಣಕಗಳ ಸ್ಮೃತಿ ತೀರಾ ಚಿಕ್ಕದು. ಹಾಗಾಗಿ ಅವರು ಒಂದು ಜಾಣತನದ ದಾರಿ ಹಿಡಿದರು. ಒಂದು ತಂತ್ರಾಂಶ ಒಂದೇ ಕೆಲಸ ಮಾಡಲಿ, ಅದನ್ನು ಚೆನ್ನಾಗಿ ಮಾಡಲಿ. ಹೆಚ್ಚು ಕೆಲಸವಿದ್ದರೆ ಹಲವು ಸಣ್ಣ ತಂತ್ರಾಂಶಗಳು ಕೈಜೋಡಿಸಲಿ. ನಿಮ್ಮ ಮನೆಯ ಅಡುಗೆಕೋಣೆಯಲ್ಲಿ ಈಳಿಗೆಮಣೆ ಹೆಚ್ಚುವುದಕ್ಕೆ, ಜರಡಿ ಸೋಸುವುದಕ್ಕೆ, ಲಟ್ಟಣಿಗೆ ಲಟ್ಟಿಸುವುದಕ್ಕೆ ಇರುವಂತೆ.

1991ರಲ್ಲಿ ಫಿನ್ಲೆಂಡಿನ ಲಿನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಯುನಿಕ್ಸ್‌ನ ರೀತಿಯಲ್ಲೇ ಲಿನಕ್ಸ್ ಬರೆಯಲು ಆರಂಭಿಸಿದ. ಲಿನಕ್ಸ್ ಸ್ವತಂತ್ರ ತಂತ್ರಾಂಶ. ಅದನ್ನು ಬಳಸಬಹುದು, ಒಳಗೆ ಹೇಗಿದೆ ಎಂದು ನೋಡಬಹುದು, ತಿದ್ದಬಹುದು, ಗೆಳೆಯರಿಗೆ ಪ್ರತಿ ಮಾಡಿ ಕೊಡಬಹುದು. ನಮ್ಮ ನೆರೆಯ ಕೇರಳದ ಸರ್ಕಾರಿ ಶಾಲೆಗಳು ಹಲವು ವರ್ಷಗಳಿಂದ ಇಂಥ ತಂತ್ರಾಂಶಗಳಿಂದಲೇ ಕಲಿಸುತ್ತಿವೆ.

ಆಯ್ಕೆಗಳು ಯಾವುವು?

ಲಿನಕ್ಸ್‌ನಲ್ಲಿ ಸ್ಲೈಡ್ ತೋರಿಸಲು ಹತ್ತಾರು ದಾರಿಗಳಿವೆ. ಮುಖ್ಯವಾದ ನಾಲ್ಕನ್ನು ನೋಡೋಣ.

1. ಲಿಬ್ರೆಆಫೀಸ್ ಇಂಪ್ರೆಸ್. 2010ರಲ್ಲಿ ಓಪನ್‌ಆಫೀಸ್‌ನಿಂದ ಕವಲೊಡೆದು ಬಂದದ್ದು. ಪತ್ರ, ಲೆಕ್ಕದ ಹಾಳೆ, ಸ್ಲೈಡ್ ಎಲ್ಲ ಇರುವ ದೊಡ್ಡ ಕುಟುಂಬದ ಒಬ್ಬ ಸದಸ್ಯ. ಕನ್ನಡವನ್ನು ಸರಿಯಾಗಿ ತೋರಿಸುತ್ತದೆ, ಕಲಿಯಲು ಸುಲಭ. ಆದರೆ ನಾಲ್ಕರಲ್ಲಿ ಭಾರದ್ದೇ ಸರಿ.

2. ಸೆಂಟ್. ತೀರಾ ಪುಟ್ಟ ತಂತ್ರಾಂಶ. ಸಾದಾ ಪಠ್ಯದ ಕಡತದಲ್ಲಿ ಒಂದು ಪ್ಯಾರಾ ಬರೆದರೆ ಅದೇ ಒಂದು ಸ್ಲೈಡ್. ಪರದೆ ತುಂಬುವಷ್ಟು ದೊಡ್ಡ ಅಕ್ಷರದಲ್ಲಿ ಅದೇ ತೋರಿಸುತ್ತದೆ. ಹಾರಾಟ, ತಿರುಗಾಟ ಏನೂ ಇಲ್ಲ.

3. ಬೀಮರ್. ಟಿಲ್ ಟಾಂಟೌ ಎಂಬುವರು 2003ರಲ್ಲಿ ಹೊರತಂದದ್ದು. ಲೇಟೆಕ್ ಎಂಬ ಮುದ್ರಣ ವ್ಯವಸ್ಥೆಯ ಮೇಲೆ ನಿಂತಿದೆ. ಗಣಿತದ ಸೂತ್ರಗಳನ್ನು ಬಲು ಅಂದವಾಗಿ ಕೊಡುತ್ತದೆ. ಕಲಿಯಲು ಸಮಯ ಬೇಕು. ಕಾಲೇಜಿಗೆ ಹೋದಾಗ ನೆನಪಿಸಿಕೊಳ್ಳಿ.

4. ಟಕ್ಸ್ ಪೇಂಟ್. ಮಕ್ಕಳ ಚಿತ್ರಕಲೆಯ ತಂತ್ರಾಂಶ, 2002ರಲ್ಲಿ ಬಂದದ್ದು. ನಿಮ್ಮಲ್ಲಿ ಅನೇಕರಿಗೆ ಪೆಂಗ್ವಿನ್ ಹಕ್ಕಿ ನೆನಪಾಗಬಹುದು. ಅದರಲ್ಲಿ ಬರೆದ ಚಿತ್ರಗಳನ್ನು ತೆರೆಯುವ ಕಡೆ 'ಸ್ಲೈಡ್ಸ್' ಎಂಬ ಗುಂಡಿ ಇದೆ. ಚಿತ್ರಗಳನ್ನು ಬೇಕಾದ ಕ್ರಮದಲ್ಲಿ ಆರಿಸಿದರೆ ಒಂದಾದ ಮೇಲೊಂದು ತೋರಿಸುತ್ತದೆ. ಐದನೆಯ ತರಗತಿಯ ಮಕ್ಕಳಿಗೂ ಸಾಧ್ಯ.

ಹಾಗಾದರೆ ಎಲ್ಲಕ್ಕಿಂತ ಹಗುರವಾದ ಸೆಂಟ್ ಆರಿಸಿಕೊಳ್ಳೋಣವೆ? ನಾನೂ ಹಾಗೆಯೇ ಅಂದುಕೊಂಡಿದ್ದೆ. ಇಲ್ಲೊಂದು ತೊಡಕಿದೆ. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಕೂರಬೇಕು, ಗುಣಿತಾಕ್ಷರ ಒಂದಾಗಿ ಬೆಸೆಯಬೇಕು. 'ಜ್ಞಾ' ಎಂಬುದು ನಾಲ್ಕು ಸಂಕೇತ, ಆದರೆ ಕಣ್ಣಿಗೆ ಒಂದೇ ಅಕ್ಷರ. ಹೀಗೆ ಬೆಸೆಯುವುದು ಒಂದು ಪ್ರತ್ಯೇಕ ಕೆಲಸ. ಅದನ್ನು ಮಾಡುವ ಭಾಗ ತಂತ್ರಾಂಶದಲ್ಲಿರಬೇಕು. ಸೆಂಟ್‌ನಲ್ಲಿ ಅದಿಲ್ಲ. ಇಂಗ್ಲಿಷಿಗೆ ಅದು ಸಾಕು, ಕನ್ನಡದ ಒತ್ತಕ್ಷರಗಳು ಮಾತ್ರ ಬಿಡಿಬಿಡಿಯಾಗಿ ಬೀಳುತ್ತವೆ. ನಮ್ಮ ಭಾಷೆಯನ್ನೇ ಮುರಿದು ತೋರಿಸುವ ಹಗುರತನ ನಮಗೆ ಬೇಡ. ನಮ್ಮ ಕೆಲಸಕ್ಕೆ ಬೇಕಾದದ್ದನ್ನು ಉಳಿಸಿಕೊಂಡು, ಬೇಡವಾದದ್ದನ್ನು ಬಿಟ್ಟಾಗಲೇ ಅದು ಒಳ್ಳೆಯ ಹಗುರ.

ನನ್ನ ಸಲಹೆ: ಬುತ್ತಿ ಕಟ್ಟಿಕೊಳ್ಳಿ

ಜಾತ್ರೆಗೆ ಹೋಗುವಾಗ ಅಮ್ಮ ಏನು ಮಾಡುತ್ತಾರೆ? ಮನೆಯಲ್ಲೇ ಅಡುಗೆ ಮಾಡಿ ಬುತ್ತಿ ಕಟ್ಟುತ್ತಾರೆ. ಒಲೆಯನ್ನು ಹೊತ್ತುಕೊಂಡು ಹೋಗುವುದಿಲ್ಲ. ಸ್ಲೈಡ್‌ಗೂ ಅದೇ ಉಪಾಯ.

ನಿಧಾನವಾದರೂ ಸರಿ, ಶಾಲೆಯಲ್ಲೇ ಕೂತು ಇಂಪ್ರೆಸ್‌ನಲ್ಲಿ ಸ್ಲೈಡ್ ತಯಾರಿಸಿ. ಲೋಹಿತ್, ಗುಬ್ಬಿ, ನವಿಲು ಮುಂತಾದ ಯೂನಿಕೋಡ್ ಅಕ್ಷರಶೈಲಿಗಳು ಉಚಿತವಾಗಿ ಸಿಗುತ್ತವೆ, ಅವನ್ನು ಬಳಸಿ. ಮುಗಿದ ಮೇಲೆ ಪಿಡಿಎಫ್ ಆಗಿ ಉಳಿಸಿಕೊಳ್ಳಿ. ಪಿಡಿಎಫ್‌ನೊಳಗೆ ಬೇಕಾದ ಅಕ್ಷರಶೈಲಿಯೂ ಸೇರಿಕೊಂಡಿರುತ್ತದೆ. ಹಾಗಾಗಿ ಬೇರೆ ಊರಿನ ಗಣಕದಲ್ಲಿ ಚೌಕಗಳು ಕಾಣಿಸುವುದಿಲ್ಲ, ಒತ್ತಕ್ಷರ ಕೆಡುವುದಿಲ್ಲ. ಅಲ್ಲಿ ತೋರಿಸಲು ಎವಿನ್ಸ್ ಅಥವಾ ಮುಪಿಡಿಎಫ್‌ನಂಥ ಹಗುರ ತಂತ್ರಾಂಶ ಸಾಕು. ಎವಿನ್ಸ್‌ನಲ್ಲಿ ಎಫ್5 ಕೀಲಿ ಒತ್ತಿದರೆ ಪರದೆ ತುಂಬ ಸ್ಲೈಡ್. ಮಾಡುವುದು ಒಂದು ತಂತ್ರಾಂಶ, ತೋರಿಸುವುದು ಇನ್ನೊಂದು. ಯುನಿಕ್ಸ್‌ನ ಪಾಠವೇ ಅಲ್ಲವೆ ಇದು?

ಪಿಡಿಎಫ್‌ನಲ್ಲಿ ಅಕ್ಷರ ಹಾರುವುದಿಲ್ಲ, ಚಿತ್ರ ತಿರುಗುವುದಿಲ್ಲ. ಅದು ಕೊರತೆ ಎಂದು ಕೆಲವರು ಹೇಳುತ್ತಾರೆ. ನನಗಂತೂ ಅದೇ ಲಾಭ ಎನಿಸುತ್ತದೆ. ಕೇಳುವವರ ಕಣ್ಣು ಹಾರುವ ಅಕ್ಷರದ ಹಿಂದೆ ಹೋದರೆ ನಿಮ್ಮ ಮಾತು ಯಾರಿಗೆ?

ಕೊನೆಯ ಸಾಲಿನಲ್ಲಿ ಉಳಿದ ಅಂಕಿ

ಸ್ಲೈಡ್ ಹೇಗಿರಬೇಕು ಎಂಬುದು ಬರೀ ಬಹುಮಾನದ ವಿಷಯವಲ್ಲ. 2003ರ ಜನವರಿ 16ರಂದು ಕೊಲಂಬಿಯಾ ಗಗನನೌಕೆ ಮೇಲೇರಿತು. ಹರಿಯಾಣದ ಕರ್ನಾಲ್‌ನಲ್ಲಿ ಹುಟ್ಟಿದ ಕಲ್ಪನಾ ಚಾವ್ಲಾ ಅದರಲ್ಲಿದ್ದರು. ಮೇಲೇರುವಾಗ ಇಂಧನ ತೊಟ್ಟಿಯ ಹೊದಿಕೆಯಿಂದ ಕಿತ್ತ ಫೋಮ್ ತುಂಡೊಂದು ಎಡ ರೆಕ್ಕೆಗೆ ಬಡಿಯಿತು. ನೌಕೆ ಇನ್ನೂ ಬಾಹ್ಯಾಕಾಶದಲ್ಲಿರುವಾಗಲೇ ಎಂಜಿನಿಯರುಗಳು ಇದರಿಂದ ಅಪಾಯವಿದೆಯೇ ಎಂದು ಪರಿಶೀಲಿಸಿ ಸ್ಲೈಡ್‌ಗಳಲ್ಲಿ ವರದಿ ಕೊಟ್ಟರು.

ಒಂದು ಸ್ಲೈಡ್‌ನ ತಲೆಬರಹ ಧೈರ್ಯ ಕೊಡುವಂತಿತ್ತು. ಅದೇ ಸ್ಲೈಡ್‌ನ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ ಒಂದು ಹೋಲಿಕೆ ಇತ್ತು. ಹಿಂದೆ ಪರೀಕ್ಷಿಸಿದ ತುಂಡಿನ ಗಾತ್ರ 3 ಘನ ಅಂಗುಲ. ಈಗಿನದ್ದರ ಅಂದಾಜು 1920 ಘನ ಅಂಗುಲ. 640 ಪಟ್ಟು! ಒಂದು ಪುಟ್ಟ ಟೀ ಲೋಟಕ್ಕೂ ಎರಡು ದೊಡ್ಡ ಕೊಡಕ್ಕೂ ಇರುವಷ್ಟು ವ್ಯತ್ಯಾಸ. ಅತಿ ಮುಖ್ಯವಾದ ಅಂಕಿ ಅತಿ ಕೆಳಗೆ ಉಳಿಯಿತು. ಫೆಬ್ರವರಿ 1ರಂದು ಭೂಮಿಗೆ ಮರಳುವಾಗ ನೌಕೆ ಒಡೆದು ಏಳೂ ಮಂದಿ ತೀರಿಕೊಂಡರು. ದುರಂತಕ್ಕೆ ಕಾರಣಗಳು ಹಲವು, ಸ್ಲೈಡ್ ಒಂದೇ ಅಲ್ಲ. ಆದರೂ ತನಿಖಾ ಮಂಡಳಿ ತನ್ನ ವರದಿಯಲ್ಲಿ ಆ ಸ್ಲೈಡನ್ನು ಎತ್ತಿ ತೋರಿಸಿ ಟೀಕಿಸಿತು.

ನಿಮ್ಮ ಸ್ಲೈಡ್‌ನಲ್ಲಿ ಮುಖ್ಯ ಅಂಕಿ ಎಲ್ಲಿದೆ, ನೋಡಿಕೊಳ್ಳಿ. ಅದು ಮೇಲಿರಲಿ, ದೊಡ್ಡದಿರಲಿ.

"ಎಲ್ಲರೂ ಬಳಸುವುದನ್ನೇ ಕಲಿಯಬೇಡವೇ?"

ಕೆಲವು ಶಿಕ್ಷಕ ಮಿತ್ರರು ಹೀಗೆ ಕೇಳುತ್ತಾರೆ. ಮುಂದೆ ಕಚೇರಿಯಲ್ಲಿ ಯಾವ ತಂತ್ರಾಂಶ ಇರುತ್ತದೋ ಅದನ್ನೇ ಮಕ್ಕಳು ಕಲಿಯಲಿ ಎಂಬುದು ಅವರ ವಾದ. ಅದರಲ್ಲೂ ಅರ್ಥವಿದೆ. ಆದರೆ ಈಗ ಏಳನೆಯ ತರಗತಿಯಲ್ಲಿರುವ ನೀವು ಕೆಲಸಕ್ಕೆ ಸೇರುವ ಹೊತ್ತಿಗೆ ಯಾವ ತಂತ್ರಾಂಶ ಇರುತ್ತದೋ ಯಾರಿಗೆ ಗೊತ್ತು? ಗುಂಡಿಗಳ ಜಾಗ ಬದಲಾಗುತ್ತದೆ. ಏನು ಕೇಳಿದೆ, ಹೇಗೆ ಅಳೆದೆ, ಏನು ಕಂಡೆ ಎಂದು ಕ್ರಮವಾಗಿ ಹೇಳುವ ಕಲೆ ಬದಲಾಗುವುದಿಲ್ಲ. ಗಣಕವೇ ಇಲ್ಲದ ಶಾಲೆಯವರೂ ಕುಗ್ಗಬೇಕಿಲ್ಲ. ಡ್ರಾಯಿಂಗ್ ಹಾಳೆಗೂ ಇದೇ ನಿಯಮ.

ನೀವೂ ಮಾಡಿ ನೋಡಿ

1. ಮೊದಲು ಹಾಳೆಯ ಮೇಲೆ ಐದು ಚೌಕ ಬರೆಯಿರಿ: ಪ್ರಶ್ನೆ, ವಿಧಾನ, ಅಂಕಿಗಳ ಗ್ರಾಫ್, ಕಂಡದ್ದು, ಇನ್ನೂ ತಿಳಿಯಬೇಕಾದದ್ದು. ಐದೇ ಸ್ಲೈಡ್ ಸಾಕು.

2. 'ವಿಜ್ಞಾನ', 'ಸೂಕ್ಷ್ಮ', 'ಸ್ತ್ರೀ', 'ಸೂರ್ಯ' ಎಂದು ಟೈಪ್ ಮಾಡಿ ತೋರಿಸಿ. ಸರಿಯಾಗಿ ಕಂಡರೆ ಮಾತ್ರ ಆ ತಂತ್ರಾಂಶ ಆರಿಸಿಕೊಳ್ಳಿ.

3. ಕೋಣೆಯ ಕೊನೆಯ ಬೆಂಚಿನಲ್ಲಿ ಗೆಳತಿಯನ್ನು ಕೂರಿಸಿ ಓದಿಸಿ.

4. ಶಾಲೆಯಲ್ಲಿರುವ ಅತಿ ಹಳೆಯ ಗಣಕದಲ್ಲಿ ಒಮ್ಮೆ ಓಡಿಸಿ.

5. ಕೊನೆಯದಾಗಿ, ಗಣಕ ಆರಿಸಿ, ಸೀಮೆಸುಣ್ಣ ಹಿಡಿದು ಅದೇ ವಿಷಯವನ್ನು ಏಳು ನಿಮಿಷದಲ್ಲಿ ಹೇಳಿ.

ಐದನೆಯದು ಅತಿ ಮುಖ್ಯ. ಅದನ್ನು ನನಗೆ ಕಲಿಸಿದ್ದು ಆ ಹುಡುಗಿ. ಆ ದಿನ ವಿದ್ಯುತ್ತೇ ಹೋಗಿದ್ದರೂ ಅವಳು ಹೇಳಬಲ್ಲವಳಾಗಿದ್ದಳು, ಏಕೆಂದರೆ ಮಳೆ ಅಳೆದವಳು ಅವಳೇ. ಮೊದಲ ನಿಮಿಷದಿಂದಲೇ ಸೀಮೆಸುಣ್ಣವನ್ನು ಅವಳ ಕೈಗೆ ಕೊಡುವ ಬುದ್ಧಿ ನನಗಿರಬೇಕಿತ್ತು. ಈ ಸಲ ನಿಮ್ಮ ಶಿಕ್ಷಕರು "ಸ್ಲೈಡ್ ನಾನೇ ಮಾಡಿಕೊಡುತ್ತೇನೆ" ಎಂದರೆ, "ಬೇಡ ಸರ್, ನಾವೇ ಮಾಡುತ್ತೇವೆ, ನೀವು ತಪ್ಪಿದ್ದರೆ ಹೇಳಿ" ಎನ್ನಿ. ಅವರು ಖಂಡಿತ ಬೇಸರಪಟ್ಟುಕೊಳ್ಳುವುದಿಲ್ಲ.