ದಿಂಬಿನ ಕೆಳಗಿನ ಕಾದಂಬರಿ

ಹೋದ ವರ್ಷ ಮಹಿಳಾ ದಿನಾಚರಣೆಯ ಸಭೆಯೊಂದಕ್ಕೆ ಹೋಗಿದ್ದೆ. ವೇದಿಕೆಯ ಮೇಲಿದ್ದ ಐವರಲ್ಲಿ ನಾಲ್ವರು ಗಂಡಸರು. ಅದಿರಲಿ, ಅದೇನೂ ನಮಗೆ ಹೊಸದಲ್ಲ. ಮುಖ್ಯ ಭಾಷಣ ಮಾಡಿದ ಮಹನೀಯರು ಹೆಣ್ಣಿನ ವಿದ್ಯಾಭ್ಯಾಸ, ಸಮಾನತೆ ಎಂದೆಲ್ಲ ಚೆನ್ನಾಗಿಯೇ ಮಾತಾಡಿ, ಕೊನೆಗೆ ನಗುತ್ತಾ ಒಂದು ಮಾತು ಸೇರಿಸಿದರು: "ನಮ್ಮ ಹೆಣ್ಣುಮಕ್ಕಳು ಓದಬೇಕು, ನಿಜ. ಆದರೆ ಆ ಅಳುಬುರುಕಿ ಕಾದಂಬರಿಗಳನ್ನಲ್ಲ. ಒಗ್ಗರಣೆ ವಾಸನೆಯ ಸಾಹಿತ್ಯದಿಂದ ಬುದ್ಧಿ ಬೆಳೆಯುವುದಿಲ್ಲ." ಸಭೆ ನಕ್ಕಿತು. ನಕ್ಕವರಲ್ಲಿ ಹೆಂಗಸರೇ ಹೆಚ್ಚು. ಅಭ್ಯಾಸಬಲದಿಂದ ನಾನೂ ಅರ್ಧ ನಕ್ಕೆ. ಆಮೇಲೆ ನನ್ನ ಚೀಲದೊಳಗೆ ತ್ರಿವೇಣಿಯವರ 'ಶರಪಂಜರ' ಇರುವುದು ನೆನಪಾಗಿ ಬಾಯಿ ಮುಚ್ಚಿದೆ.

ಆ ಅರ್ಧ ನಗುವಿಗೆ ಪ್ರಾಯಶ್ಚಿತ್ತವೆಂದು ಇದನ್ನು ಬರೆಯುತ್ತಿದ್ದೇನೆ.

ನಾನು ಸಾಹಿತ್ಯ ಓದಿ ಪದವಿ ಪಡೆದವಳಲ್ಲ. ವಿಮರ್ಶೆಯ ಪರಿಭಾಷೆ ಬಾರದು. 1978ರಲ್ಲಿ ಮದುವೆಯಾಗಿ ಹುಣಸೂರಿಗೆ ಬಂದಾಗ ಟ್ರಂಕಿನಲ್ಲಿ ಸೀರೆಗಳ ಅಡಿಯಲ್ಲಿ ಮೂರು ಕಾದಂಬರಿ ತಂದಿದ್ದೆ, ಅಷ್ಟೇ ನನ್ನ ಅರ್ಹತೆ. ನನ್ನ ತವರು ಕೃಷ್ಣರಾಜನಗರ. ಅಕ್ಕನನ್ನು ಪಿರಿಯಾಪಟ್ಟಣಕ್ಕೆ ಕೊಟ್ಟಿತ್ತು. ನಾದಿನಿ ಹೆಗ್ಗಡದೇವನಕೋಟೆಯಲ್ಲಿ ಟೀಚರಾಗಿದ್ದಳು. ಮೂರೂ ಊರಿನ ರಸ್ತೆ ಹುಣಸೂರಿಗೆ ಬಂದು ಸೇರುವುದರಿಂದ ನಮ್ಮ ಮನೆಯೇ ಪುಸ್ತಕಗಳ ಜಂಕ್ಷನ್ ಆಯಿತು. ದಿನಕ್ಕೆ ನಾಲ್ಕಾಣೆ ಬಾಡಿಗೆಯ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತಂದ ಪುಸ್ತಕ ಒಂದೇ ವಾರದಲ್ಲಿ ನಾಲ್ಕು ತಾಲ್ಲೂಕು ಸುತ್ತಿ ಬರುತ್ತಿತ್ತು. ಹೋಗುವಾಗ ಹಪ್ಪಳದ ಡಬ್ಬದ ಜೊತೆ, ಬರುವಾಗ ತರಕಾರಿ ಚೀಲದ ತಳದಲ್ಲಿ. ತ್ರಿವೇಣಿ, ಎಂ.ಕೆ. ಇಂದಿರಾ, ವಾಣಿ, ಅನುಪಮಾ ನಿರಂಜನ, ಉಷಾ ನವರತ್ನರಾಂ, ಸಾಯಿಸುತೆ, ಎಲ್ಲರೂ ನಮ್ಮ ಮನೆಗೆ ಬಂದದ್ದು ಬೇಳೆ ಬೆಲ್ಲದ ಜೊತೆಯಲ್ಲೇ.

ಒಮ್ಮೆ ಬಂದ ಕಾದಂಬರಿಯೊಂದರ ಕೊನೆಯ ಎಂಟು ಪುಟಗಳೇ ಇರಲಿಲ್ಲ. ಹೆಸರು ಬೇಡ. ಬೇರೊಬ್ಬಳ ಹಿಂದೆ ಹೋದ ಗಂಡ ಏಳು ವರ್ಷದ ಮೇಲೆ ಕಾಯಿಲೆಯಾಗಿ ಹೆಂಡತಿಯ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಹೊಲಿಗೆ ಮಾಡಿ ಮಕ್ಕಳನ್ನು ಸಾಕಿದ ಅವಳು ಬಾಗಿಲು ತೆಗೆಯುತ್ತಾಳೆ. ಅಲ್ಲಿಗೆ ಪುಸ್ತಕ ಹರಿದಿತ್ತು. ಮುಂದೇನು? ಆ ತಿಂಗಳೆಲ್ಲ ನಮ್ಮ ಕಾಗದಗಳಲ್ಲಿ ಅದೇ ಚರ್ಚೆ. ಊಟ ಹಾಕಲಿ, ಆದರೆ ಜಗಲಿಯಲ್ಲಿ ಮಲಗಲಿ ಎಂದಳು ಅಕ್ಕ. ನಾದಿನಿ, "ಬಾಗಿಲು ತೆಗೆದದ್ದೇ ತಪ್ಪು ಕಣತ್ತಿಗೆ" ಅಂತ ಬರೆದಳು. ಮಕ್ಕಳು ಒಪ್ಪಿದರೆ ಮಾತ್ರ ಒಳಕ್ಕೆ ಎಂದರು ನಮ್ಮಮ್ಮ. ನಾನು ಅವನನ್ನು ಆಸ್ಪತ್ರೆಗೆ ಸೇರಿಸಿ, ಬಿಲ್ಲು ಕಟ್ಟಿಸಿ, ಅವಳನ್ನು ಕೊನೆಯ ಬಸ್ಸಿಗೆ ಮನೆಗೆ ಕರೆತಂದೆ. ವರ್ಷದ ನಂತರ ಇಡೀ ಪುಸ್ತಕ ಸಿಕ್ಕಿತು. ಅವಳು ಅವನ ಕಾಲಿಗೆ ಬಿದ್ದು, ನೀವು ಬಂದಿರಲ್ಲ ಅಷ್ಟು ಸಾಕು ಎಂದು ಅಳುವಲ್ಲಿಗೆ ಕಥೆ ಮುಗಿದಿತ್ತು. ನಾದಿನಿ ಪುಸ್ತಕ ಮುಚ್ಚಿ, "ನಮ್ಮನ್ನ ಕೇಳಿದ್ರೆ ನಾವೇ ಬರೆದುಕೊಡ್ತಿದ್ದೆವಲ್ಲ" ಎಂದಳು.

ಹೇಳಿ, ಇದು ಬುದ್ಧಿ ಬೆಳೆಯದವರು ಆಡುವ ಮಾತೇ? ತೀರ್ಪು ಕೊಡುವ ಹಕ್ಕೇ ಇಲ್ಲದ ಮನೆಗಳಲ್ಲಿದ್ದ ನಾವು, ಹರಿದ ಪುಸ್ತಕವೊಂದರ ನೆವದಲ್ಲಿ ನಾಲ್ಕು ತೀರ್ಪು ಬರೆದೆವು. ಗಂಡನ ವಿಷಯ, ಆಸ್ತಿಯ ವಿಷಯ, ಅತ್ತೆಯ ವಿಷಯವನ್ನು ನೇರವಾಗಿ ಎತ್ತಿದರೆ ಮನೆ ಮುರಿಯುವ ಮಾತಾಗುತ್ತಿತ್ತು. ಕಾದಂಬರಿಯ ಹೆಸರಿನಲ್ಲಿ ಎತ್ತಿದರೆ ಬರೀ ಕಥೆಯ ಮಾತು. ಜನಪ್ರಿಯ ಕಾದಂಬರಿ ನಮಗೆ ಮಾಡಿಕೊಟ್ಟ ದೊಡ್ಡ ಉಪಕಾರ ಇದೇ.

ಭಾಷಣ ಕೇಳಿ ಬಂದ ಮೇಲೆ, ಈ ಮಳೆಗಾಲದಲ್ಲಿ ಹಳೆಯ ಪುಸ್ತಕಗಳನ್ನೆಲ್ಲ ಮತ್ತೆ ಓದಿದೆ. ಅವರೇ ಸರಿಯೋ ನಾನೇ ಸರಿಯೋ ನೋಡೋಣ ಎಂದು.

ಮೊದಲು ಹಿಡಿದದ್ದು ತ್ರಿವೇಣಿಯವರ 'ಬೆಳ್ಳಿ ಮೋಡ'. ಒಬ್ಬಳೇ ಮಗಳು, ಆಸ್ತಿಯೆಲ್ಲ ಅವಳದೇ ಎಂಬ ನಂಬಿಕೆಯಲ್ಲಿ ಮೋಹನ ಇಂದಿರೆಯನ್ನು ಒಪ್ಪುತ್ತಾನೆ. ಅವಳ ಅಪ್ಪನ ದುಡ್ಡಿನಲ್ಲಿ ವಿದೇಶಕ್ಕೆ ಓದಲು ಹೋಗುತ್ತಾನೆ. ಇತ್ತ ಅವಳಿಗೊಬ್ಬ ತಮ್ಮ ಹುಟ್ಟುತ್ತಾನೆ, ಆಸ್ತಿಯ ಲೆಕ್ಕ ಬದಲಾಗುತ್ತದೆ, ಹಿಂತಿರುಗಿದವನ ಮನಸ್ಸೂ ಬದಲಾಗುತ್ತದೆ. ಮುಂದೆ ಅವನು ಕಾಲು ಮುರಿದುಕೊಂಡು ಬಿದ್ದಾಗ ಅವಳೇ ಆರೈಕೆ ಮಾಡುತ್ತಾಳೆ. ಆಗ ಬುದ್ಧಿ ಬಂದು ಮದುವೆಯಾಗುತ್ತೇನೆ ಎಂದರೆ ಬೇಡ ಎನ್ನುತ್ತಾಳೆ. ಇಪ್ಪತ್ತರಲ್ಲಿ ಇದನ್ನು ಓದಿ, ಅಯ್ಯೋ ಒಪ್ಪಿಕೊಳ್ಳಬಾರದಿತ್ತೇ ಎಂದು ಕಣ್ಣೀರಿಟ್ಟಿದ್ದೆ. ಅರವತ್ತು ದಾಟಿದ ಮೇಲೆ ಓದಿದಾಗ, ಶಭಾಷ್ ಮಗಳೇ ಎಂದೆ. ಪುಸ್ತಕದ ಒಂದಕ್ಷರವೂ ಬದಲಾಗಿಲ್ಲ. ನಮ್ಮ ಕಡೆ ಹೆಣ್ಣು ನೋಡಲು ಬಂದವರು ಇವತ್ತಿಗೂ ಮೊದಲು ವಿಚಾರಿಸುವುದು ಸೈಟು ಎಷ್ಟು, ಅಣ್ಣತಮ್ಮಂದಿರು ಎಷ್ಟು ಎಂದೇ. ಒಬ್ಬ ಹುಡುಗಿ 'ಬೇಡ' ಅನ್ನುವುದನ್ನು ತ್ರಿವೇಣಿ ಅರವತ್ತು ವರ್ಷದ ಹಿಂದೆಯೇ ಬರೆದರು. ಇದರಲ್ಲಿ ಅಳುಬುರುಕುತನ ಎಲ್ಲಿದೆ?

ಇನ್ನೊಂದು ತಮಾಷೆ ನೋಡಿ. ಅದೇ ಭಾಷಣದಲ್ಲಿ ಆ ಮಹನೀಯರು ಪುಟ್ಟಣ್ಣ ಕಣಗಾಲರನ್ನು ಬಾಯಿತುಂಬ ಹೊಗಳಿದರು. ಹೊಗಳಲೇಬೇಕು, ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನಲ್ಲಿ ಹುಟ್ಟಿದ ನಮ್ಮವರು. ಆದರೆ ಪುಟ್ಟಣ್ಣನವರ 'ಬೆಳ್ಳಿಮೋಡ', 1971ರ 'ಶರಪಂಜರ' ತ್ರಿವೇಣಿಯವರ ಕಾದಂಬರಿಗಳು. 1969ರ 'ಗೆಜ್ಜೆಪೂಜೆ' ಎಂ.ಕೆ. ಇಂದಿರಾ ಅವರದು. 'ಕಪ್ಪು ಬಿಳುಪು' ತ್ರಿವೇಣಿಯವರ ತಂಗಿ ಆರ್ಯಾಂಬ ಪಟ್ಟಾಭಿ ಅವರದು. 1975ರ 'ಶುಭಮಂಗಳ' ವಾಣಿಯವರದು. ಪರದೆಯ ಮೇಲೆ ಬಂದರೆ ಅದು ಮಹಾನ್ ಕಲೆ, ಹೆಂಗಸಿನ ಮಡಿಲಲ್ಲಿ ಪುಸ್ತಕವಾಗಿದ್ದರೆ ಒಗ್ಗರಣೆ ವಾಸನೆ! ಪುಟ್ಟಣ್ಣನವರಿಗಂತೂ ಈ ವಾಸನೆ ಬಡಿಯಲಿಲ್ಲ. ಅವರು ಓದಿದರು, ಆರಿಸಿದರು.

ಇನ್ನು 'ಶರಪಂಜರ'ದ ಮಾತು. ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದ್ದ ತ್ರಿವೇಣಿ, ಹೆರಿಗೆಯ ನಂತರ ಬುದ್ಧಿ ಕಲಕಿದ ಕಾವೇರಿಯ ಕಥೆಯನ್ನು ಬರೆದರು. ಅವಳ ಕಾಯಿಲೆ ವಾಸಿಯಾಗುತ್ತದೆ. ವಾಸಿಯಾಗದೆ ಉಳಿಯುವುದು ಸುತ್ತಲಿನವರ ಅನುಮಾನ. ಅವಳು ಜೋರಾಗಿ ನಕ್ಕರೆ ಅನುಮಾನ, ಕೋಪಿಸಿಕೊಂಡರೆ ಅನುಮಾನ. ಕೊನೆಗೆ ಆ ಅನುಮಾನವೂ ಗಂಡನ ದ್ರೋಹವೂ ಸೇರಿ ಅವಳನ್ನು ಮತ್ತೆ ಆಸ್ಪತ್ರೆಗೆ ಅಟ್ಟುತ್ತವೆ.

ನಮ್ಮತ್ತೆಗೆ ಕಾದಂಬರಿ ಎಂದರೆ ಆಗುತ್ತಿರಲಿಲ್ಲ. ಸಂಸಾರ ಕೆಡಿಸೋ ಪುಸ್ತಕ ಎನ್ನುತ್ತಿದ್ದರು. ಅದಕ್ಕೇ ನನ್ನ ಪುಸ್ತಕಗಳೆಲ್ಲ ದಿಂಬಿನ ಕೆಳಗೆ ಇರುತ್ತಿದ್ದವು. ಒಂದು ಮಧ್ಯಾಹ್ನ ಅಕ್ಕಿ ಆರಿಸುತ್ತಾ ಕೂತಿದ್ದವರು, "ಅದೇನು ಅಷ್ಟು ಓದ್ತೀಯೋ, ಗಟ್ಟಿಯಾಗಿ ಓದೇ ನೋಡಾಣ" ಎಂದರು. ಕೈಯಲ್ಲಿದ್ದದ್ದು 'ಶರಪಂಜರ'. ಎಂಟು ಮಧ್ಯಾಹ್ನ ಓದಿದೆ. ಅವರು ಏನೂ ಹೇಳಲಿಲ್ಲ.

ಎರಡು ವರ್ಷ ಕಳೆದಿರಬೇಕು. ನಮ್ಮ ಬೀದಿಯ ಒಬ್ಬ ಹುಡುಗಿ ಹೆರಿಗೆಯಾದ ಹದಿನೈದು ದಿನಕ್ಕೆ ನಿದ್ದೆ ಬಿಟ್ಟಳು. ತನ್ನ ಕೂಸನ್ನೇ ತನ್ನದಲ್ಲ ಎಂದಳು. ಗಾಳಿ ಸೋಕಿದೆ, ತಾಯಿತ ಕಟ್ಟಿಸಬೇಕು ಎಂದು ಅವರ ಮನೆಯವರು ಹೊರಟು ನಿಂತಿದ್ದರು. ನಮ್ಮತ್ತೆ ಸೆರಗು ಹೊದ್ದು ಹೋಗಿ, "ಗಾಳಿಯೂ ಇಲ್ಲ ಗೂಳಿಯೂ ಇಲ್ಲ. ಇದು ಬಾಣಂತಿ ಸನ್ನಿ. ಮೈಸೂರಿಗೆ ಕರ್ಕೊಂಡು ಹೋಗಿ" ಎಂದು ಪಟ್ಟು ಹಿಡಿದು ಕಾರು ತರಿಸಿದರು. ಹುಡುಗಿ ಎರಡು ತಿಂಗಳಿಗೆ ಗುಣವಾಗಿ ಬಂದಳು. ಬೀದಿಯವರೆಲ್ಲ ಕಿಟಕಿಯಿಂದ ಇಣುಕುತ್ತಿದ್ದಾಗ ನಮ್ಮತ್ತೆ ನನ್ನ ಒಂದು ವರ್ಷದ ಮಗನನ್ನು ಎತ್ತಿಕೊಂಡು ಹೋಗಿ ಅವಳ ತೊಡೆಯ ಮೇಲೆ ಕೂರಿಸಿ, "ಸ್ವಲ್ಪ ನೋಡ್ಕೊಂಡಿರಮ್ಮ, ಅಂಗಡಿಗೆ ಹೋಗಿ ಬರ್ತೀನಿ" ಎಂದು ನಡೆದುಬಿಟ್ಟರು. ನನ್ನ ಎದೆ ಡವಗುಟ್ಟಿದ್ದು ಸುಳ್ಳಲ್ಲ. ಅತ್ತೆ ಬೇಕೆಂದೇ ಅರ್ಧ ಗಂಟೆ ತಡವಾಗಿ ಬಂದರು. ಮಗು ಅವಳ ತೊಡೆಯ ಮೇಲೆ ನಿದ್ದೆ ಮಾಡಿತ್ತು. ಮನೆಗೆ ಬಂದ ಮೇಲೆ ನನಗೆ ಹೇಳಿದ್ದು ಒಂದೇ ಮಾತು: "ಆ ಕಾವೇರಿಗೆ ಯಾರಾದ್ರೂ ಹೀಗೆ ಮಾಡಿದ್ದಿದ್ರೆ ಮತ್ತೆ ಕೆಡ್ತಿರ್ಲಿಲ್ಲ ಕಣೇ."

ಒಗ್ಗರಣೆ ವಾಸನೆಯ ಸಾಹಿತ್ಯದಿಂದ ಬುದ್ಧಿ ಬೆಳೆಯುವುದಿಲ್ಲ ಎಂದವರು ಇದಕ್ಕೆ ಉತ್ತರ ಹೇಳಲಿ. ತ್ರಿವೇಣಿ 1963ರಲ್ಲಿ, ಇನ್ನೂ ಮೂವತ್ತೈದು ತುಂಬುವ ಮೊದಲೇ, ಮಗಳನ್ನು ಹೆತ್ತ ಕೆಲವೇ ದಿನಗಳಲ್ಲಿ ತೀರಿಕೊಂಡರು. ಹುಣಸೂರಿನ ಒಂದು ಬೀದಿಯಲ್ಲಿ ಅವರ ಪುಸ್ತಕ ಏನು ಮಾಡಿತೆಂದು ಅವರಿಗೆ ಹೇಳುವ ಭಾಗ್ಯ ನಮಗಿರಲಿಲ್ಲ.

'ಫಣಿಯಮ್ಮ'ನನ್ನೂ ಮತ್ತೆ ಓದಿದೆ. ಹನ್ನೆರಡಕ್ಕೆ ಮದುವೆಯಾಗಿ, ನಲವತ್ತು ದಾಟಿದ ಮೇಲೆ ಕಾದಂಬರಿ ಬರೆಯತೊಡಗಿದ ಇಂದಿರಾ, ತಮ್ಮದೇ ಮನೆತನದ ಬಾಲವಿಧವೆಯೊಬ್ಬಳ ಬದುಕನ್ನು 1976ರಲ್ಲಿ ಪುಸ್ತಕ ಮಾಡಿದರು. ತಾನು ಜೀವಮಾನವೆಲ್ಲ ಕಟ್ಟಳೆಗೆ ತಲೆಕೊಟ್ಟ ಫಣಿಯಮ್ಮ, ತಲೆ ಬೋಳಿಸಿಕೊಳ್ಳಲು ಒಲ್ಲೆನೆಂದ ದಾಕ್ಷಾಯಣಿಯ ಪರ ನಿಲ್ಲುತ್ತಾಳೆ. ಎಳೆಯ ವಿಧವೆಯ ಸಂಕಟವನ್ನು ನಮ್ಮ ಹುಣಸೂರು ತಾಲ್ಲೂಕು ಕಲ್ಲಹಳ್ಳಿಯ ಚದುರಂಗರೂ 'ವೈಶಾಖ'ದಲ್ಲಿ ಬರೆದರು. 1982ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಚದುರಂಗರ ಮೇಲೆ ನನಗೆ ಗೌರವವೇ. ನನ್ನ ಪ್ರಶ್ನೆ ಭಾಷಣಕಾರರಿಗೆ. ಅದೇ ಸಂಕಟ ಗಂಡಸಿನ ಲೇಖನಿಯಿಂದ ಬಂದರೆ ಸಮಾಜದ ಚಿತ್ರ, ಹೆಂಗಸಿನ ಲೇಖನಿಯಿಂದ ಬಂದರೆ ಅಡುಗೆಮನೆಯ ಗೋಳು, ಇದು ಯಾವ ತಕ್ಕಡಿ? ಅಡುಗೆಮನೆ ಸಮಾಜದ ಹೊರಗಿದೆಯೇ?

ಹಾಗೆಂದು ನಮ್ಮ ಕಾದಂಬರಿಗಳೆಲ್ಲ ಅಪರಂಜಿ ಎಂದು ನಾನು ವಾದಿಸುತ್ತಿಲ್ಲ. ನನ್ನ ಜಗಳ ಅವುಗಳ ಜೊತೆಗೂ ಇದೆ. ಸಹಿಸಿದವಳೇ ಗೆದ್ದವಳು ಎನ್ನುವ ಕಥೆಗಳನ್ನು ಲೆಕ್ಕವಿಲ್ಲದಷ್ಟು ಓದಿದ್ದೇನೆ. ಸಹಿಸಿ ಸಹಿಸಿ ಸೋತವರನ್ನು ನಮ್ಮ ಬೀದಿಯಲ್ಲೇ ಕಂಡಿದ್ದೇನೆ. ಈಗ ಸೊಸೆ ಮೊಬೈಲಿನಲ್ಲಿ ಕಂತು ಕಂತಾಗಿ ಕಾದಂಬರಿ ಓದುತ್ತಾಳೆ. ಅವಳು ತೋರಿಸಿದ ನಾಲ್ಕನ್ನು ನಾನೂ ಓದಿದೆ. ನಾಲ್ಕರಲ್ಲಿ ಮೂರರ ನಾಯಕ ದೊಡ್ಡ ಕಂಪನಿಯ ಯಜಮಾನ. ಮೊದಲು ಅವಮಾನ ಮಾಡುತ್ತಾನೆ, ಕೈ ಹಿಡಿದು ಎಳೆಯುತ್ತಾನೆ, ಹತ್ತನೇ ಕಂತಿಗೆ ಅದೇ ಪ್ರೀತಿಯಾಗುತ್ತದೆ. ಅರವತ್ತು ವರ್ಷದ ಹಿಂದೆ ಇಂದಿರೆ ಬೇಡ ಎಂದವನಿಗಿಂತ ಇವನು ಕಡೆ! "ಅತ್ತೆ, ಇದು ಸುಮ್ನೆ ಟೈಂಪಾಸ್" ಎಂದಳು ಸೊಸೆ. "ಹಾಗಾದ್ರೆ ಅವನು ಕಪಾಳಕ್ಕೆ ಹೊಡೆದಾಗ ನೀನು ಬೈದೆ ಯಾಕೆ?" ಎಂದು ಕೇಳಿದೆ. ಬೈದದ್ದು ನಿಜ. ಅಡುಗೆಮನೆಗೆ ಕೇಳಿಸಿತ್ತು. ಅವಳೂ ಅಗಿದೇ ನುಂಗುವವಳು ಎಂದು ಸಮಾಧಾನವಾಯಿತು.

ಇನ್ನೊಂದು ದೂರು ಇದೆ. ಈ ಕಾದಂಬರಿಗಳ ನಾಯಕಿ ಬೆಂಗಳೂರಿನವಳು, ಮೈಸೂರಿನವಳು, ಮಲೆನಾಡಿನವಳು. ಹೊಗೆಸೊಪ್ಪಿನ ಕಾಲದಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಡ್ಡಿಗೆ ಎಲೆ ಕಟ್ಟಿ, ಬ್ಯಾರನ್ನಿನ ಬಿಸಿಯಲ್ಲಿ ಬೆಂದು, ಹರಾಜಿನ ದುಡ್ಡು ಕಣ್ಣಿಗೂ ಬೀಳದ ಹುಣಸೂರು, ಪಿರಿಯಾಪಟ್ಟಣದ ಹೆಂಗಸು ನಾನು ಓದಿದ ಯಾವುದರಲ್ಲೂ ನಾಯಕಿಯಾಗಿಲ್ಲ. ಕಬಿನಿಯ ಹಿನ್ನೀರಿಗೆ ಊರು ಬಿಟ್ಟ ಕೋಟೆಯ ಹೆಂಗಸು ಸಿಕ್ಕಲಿಲ್ಲ. ಸೊಂಟಮಟ್ಟ ಬಗ್ಗಿ ನಾಟಿ ಹಾಕುವ ಕೆ.ಆರ್. ನಗರದವಳೂ ಸಿಕ್ಕಲಿಲ್ಲ. ಅವಳ ಕೈಗೆ ಪುಸ್ತಕ ಹಿಡಿಯಲು ಪುರುಸೊತ್ತಿಲ್ಲ ಸರಿ, ಪುಸ್ತಕದೊಳಗೂ ಅವಳಿಗೆ ಜಾಗವಿಲ್ಲವೇ? ಬರೆಯುವ ಹೆಣ್ಣುಮಕ್ಕಳೇ, ಇದು ನಿಮಗೆ ನನ್ನ ಬೇಡಿಕೆ.

ಈ ದೂರು ಹೇಳುವ ಹಕ್ಕು ನಮಗಿರುವುದು ನಾವು ಓದಿದ್ದರಿಂದ. ಒಂದನ್ನೂ ಓದದೆ ನಗುವವರಿಗೆ ಅದಿಲ್ಲ. ಮೊದಲು ಓದಲಿ, ಆಮೇಲೆ ಬೈಯಲಿ. ನಾವೇ ಕೂಡಿಸಿ ಬೈಯುತ್ತೇವೆ.

ಗೆಳತಿಯರೇ, ನಿಮ್ಮಲ್ಲೂ ಒಂದು ಮಾತು. ಸಭೆಯಲ್ಲಿ ಯಾರಾದರೂ ಹೀಗೆ ನಗಾಡಿದರೆ ಜೊತೆಯಲ್ಲಿ ನಗಬೇಡಿ. ಎದ್ದು ನಿಂತು, ಯಾವ ಕಾದಂಬರಿ ಸ್ವಾಮಿ, ಹೆಸರು ಹೇಳಿ ಎಂದು ಕೇಳಿ. ನಾನು ಕೇಳಲಿಲ್ಲ. ಬಾಯಿ ಮುಚ್ಚಿಕೊಂಡು ಮನೆಗೆ ಬಂದೆ. ಆವತ್ತು ರಾತ್ರಿ 'ಶರಪಂಜರ'ವನ್ನು ಅಭ್ಯಾಸದಂತೆ ದಿಂಬಿನ ಕೆಳಗೆ ತಳ್ಳಲು ಹೋದವಳು, ಅತ್ತೆಯ ನೆನಪಾಗಿ ನಡುಮನೆಯ ಟೀಪಾಯಿಯ ಮೇಲೆ ಇಟ್ಟೆ. ಈಗಲೂ ಅಲ್ಲೇ ಇದೆ. ಬಂದವರು ಎತ್ತಿ ನೋಡುತ್ತಾರೆ. ಬೇಕೆಂದವರಿಗೆ ಕೊಡುತ್ತೇನೆ, ಒಂದೇ ಷರತ್ತು: ಓದಿ ಏನನ್ನಿಸಿತು ಎಂದು ಗಟ್ಟಿಯಾಗಿ ಹೇಳಬೇಕು.