ಅಜ್ಜಿ ಕಾಲದ ಕಾಫಿ ಔಷಧಿಯೇ? ಫಾರ್ವರ್ಡ್‌ನಲ್ಲಿ ಬಿಟ್ಟುಹೋದದ್ದು ಬಟ್ಟೆಯ ಸೋಸಿಗೆ

ಹಿಂದಿನವರು ಕಾಫಿ ಬೀಜವನ್ನು ಕಟ್ಟಿಗೆ ಒಲೆಯ ಮೇಲೆ ಕಬ್ಬಿಣದ ಬಾಣಲೆಯಲ್ಲಿ ಹುರಿದು, ಕುಟ್ಟಿ, ಬೆಲ್ಲ ಹಾಕಿ ಕುದಿಸಿ, ಹಿತ್ತಾಳೆ ಲೋಟದಲ್ಲಿ ಕುಡಿಯುತ್ತಿದ್ದರು. ಹಾಗಾಗಿ ಅವರಿಗೆ ಶುಗರ್ ಇರಲಿಲ್ಲ, ಹೃದಯಾಘಾತ ಇರಲಿಲ್ಲ. ಈ ಧಾಟಿಯ ಸಂದೇಶ ನಿಮ್ಮ ಮನೆಯ ವಾಟ್ಸ್ಆ್ಯಪ್ ಗ್ರೂಪಿಗೂ ಬಂದಿರಬಹುದು. ಓದಲು ಹಿತವಾಗಿದೆ. ಆದರೆ ಇದರಲ್ಲಿ ಹೊಗಳಿರುವ ಸಂಗತಿಗಳಿಗೆ ಆಧಾರ ಕಡಿಮೆ. ನಿಜಕ್ಕೂ ಹೊಗಳಬೇಕಾದ ಎರಡು ಹಳೆಯ ಅಭ್ಯಾಸಗಳ ಹೆಸರೇ ಇದರಲ್ಲಿಲ್ಲ.

ಮೊದಲು ಹುರಿಯುವ ವಿಷಯ. ಗಂಗೊಳ್ಳಿಯಂಥ ಊರನ್ನೇ ನೋಡಿ. ಐದು ನದಿಗಳು ಕೂಡಿ ಕಡಲು ಸೇರುವ ಈ ಮೀನುಗಾರರ ಊರಿಗೆ ಕಾಫಿ ಬೀಜ ಘಟ್ಟದ ಮೇಲಿನಿಂದಲೇ ಇಳಿದು ಬರಬೇಕು. ಹಸಿ ಬೀಜದಲ್ಲಿ ಸುಮಾರು 10ರಿಂದ 12 ಶೇಕಡಾ ತೇವಾಂಶ ಇರುತ್ತದೆ. ಹುರಿದಾಗ ಅದರಲ್ಲಿ ಹೆಚ್ಚಿನದು ಹೋಗಿ ಬೀಜ ಗರಿಗರಿಯಾಗುತ್ತದೆ. ಕರಾವಳಿಯ ಆಷಾಢದ ಗಾಳಿಯಲ್ಲಿ ಹಪ್ಪಳವೇ ಮೆತ್ತಗಾಗುವಾಗ ಹುರಿದ ಕಾಫಿ ಪುಡಿ ಎಷ್ಟು ದಿನ ಉಳಿದೀತು? ಹಾಗಾಗಿ ಬೇಕಾದಷ್ಟನ್ನೇ ಆಗಾಗ ಹುರಿದುಕೊಳ್ಳುವುದು ಜಾಣತನ. ಅದು ಪರಿಮಳ ಉಳಿಸುವ ಉಪಾಯ, ಕಾಯಿಲೆಗೆ ಮದ್ದಲ್ಲ.

ಇದೇ ಗಾಳಿಯಿಂದ ವ್ಯಾಪಾರಿಗಳು ಹಣ ಮಾಡಿದ್ದೂ ಉಂಟು. ಹಾಯಿ ಹಡಗಿನ ಕಾಲದಲ್ಲಿ ಇಲ್ಲಿಯ ಕಾಫಿ ಯುರೋಪ್ ತಲುಪಲು ತಿಂಗಳುಗಟ್ಟಲೆ ಬೇಕಿತ್ತು. ದಾರಿಯಲ್ಲಿ ತೇವ ಕುಡಿದು ಬೀಜ ಊದಿಕೊಳ್ಳುತ್ತಿತ್ತು, ಹಳದಿಗೆ ತಿರುಗುತ್ತಿತ್ತು, ಹುಳಿ ಕಳೆದುಕೊಳ್ಳುತ್ತಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು ಪ್ರಯಾಣ ಚಿಕ್ಕದಾಯಿತು. ಆದರೆ ಆ ರುಚಿಗೆ ಒಗ್ಗಿದ ಗಿರಾಕಿಗಳಿದ್ದರು. ಅವರಿಗಾಗಿ ಮಂಗಳೂರಿನ ಗೋದಾಮುಗಳಲ್ಲಿ ಮಳೆಗಾಲದುದ್ದಕ್ಕೂ ಬೀಜ ಹರವಿ, ಬೇಕೆಂದೇ ತೇವ ಹಿಡಿಸುತ್ತಾರೆ. ‘ಮಾನ್ಸೂನ್ಡ್ ಮಲಬಾರ್’ ಎಂದು ಮಾರಾಟವಾಗುವುದು ಇದೇ.

ಕಬ್ಬಿಣದ ಬಾಣಲೆಯಿಂದ ಕಾಫಿಗೆ ಕಬ್ಬಿಣದಂಶ ಬರುತ್ತದೆಯೇ? ಪಾತ್ರೆಯ ಕಬ್ಬಿಣ ಆಹಾರಕ್ಕೆ ಇಳಿಯಲು ನೀರು, ಅದರಲ್ಲೂ ಹುಳಿ ಬೇಕು. ಹುಣಸೆ ಹಾಕಿದ ಸಾರಿನಲ್ಲಿ ಇಳಿದೀತು. ಒಣ ಬೀಜ ಹುರಿಯುವಾಗ ಲೆಕ್ಕಕ್ಕೆ ಸಿಗುವಷ್ಟು ಇಳಿಯದು. ಕಪ್ಪಾಗುವಂತೆ ಹುರಿದರೆ ಹೆಚ್ಚು ಸತ್ವ ಎಂಬುದೂ ತಿರುಗುಮುರುಗು: ಕಾಫಿಯ ಮುಖ್ಯ ಆ್ಯಂಟಿಆಕ್ಸಿಡೆಂಟ್ ಆದ ಕ್ಲೋರೋಜೆನಿಕ್ ಆಮ್ಲ ಹುರಿದಷ್ಟೂ ನಾಶವಾಗುತ್ತದೆ. ಇನ್ನು, ಹುರಿದ ಕಾಫಿಯಲ್ಲಿ ಕ್ಯಾನ್ಸರ್ ತರುವ ಅಕ್ರಿಲಮೈಡ್ ಇದೆ ಎಂದು ಹೆದರಿಸುವ ಫಾರ್ವರ್ಡ್ ಕೂಡ ಓಡಾಡುತ್ತದೆ. ಅಕ್ರಿಲಮೈಡ್ ಇರುವುದು ನಿಜ. ಹುರಿಯುವಾಗ ಮೊದಮೊದಲು ಅದು ಏರಿ, ಮುಂದೆ ಇಳಿಯುತ್ತದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಲ್ಲಿ ಸಾಕ್ಷ್ಯವನ್ನೆಲ್ಲ ಮತ್ತೆ ನೋಡಿ, ಕಾಫಿಯನ್ನು ಕ್ಯಾನ್ಸರ್‌ಕಾರಕಗಳ ಶಂಕಿತ ಪಟ್ಟಿಯಿಂದ ಕೆಳಗಿಳಿಸಿತು.

ಈಗ ಮುಖ್ಯ ಮಾತಿಗೆ ಬರೋಣ: ಕುದಿಸುವುದು ಮತ್ತು ಸೋಸುವುದು.

ಕಾಫಿ ಬೀಜದ ಎಣ್ಣೆಯಲ್ಲಿ ಕೆಫೆಸ್ಟಾಲ್ ಎಂಬ ವಸ್ತು ಇದೆ. ಅದು ರಕ್ತದ ಕೊಲೆಸ್ಟರಾಲನ್ನು ಏರಿಸುತ್ತದೆ. ಇದು ಗೊತ್ತಾದ ಬಗೆಯೂ ಸ್ವಾರಸ್ಯಕರ. ನಾರ್ವೆಯ ಟ್ರೊಮ್ಸೊ ನಗರದಲ್ಲಿ ನಡೆದ ದೊಡ್ಡ ಅಧ್ಯಯನವೊಂದು, ಹೆಚ್ಚು ಕಾಫಿ ಕುಡಿಯುವವರಲ್ಲಿ ಕೊಲೆಸ್ಟರಾಲ್ ಹೆಚ್ಚು ಎಂದು 1983ರಲ್ಲಿ ಹೇಳಿತು. ಬೇರೆ ದೇಶಗಳಲ್ಲಿ ಹುಡುಕಿದರೆ ಎಲ್ಲೆಡೆ ಹಾಗೆ ಕಾಣಲಿಲ್ಲ. ವ್ಯತ್ಯಾಸ ಇದ್ದದ್ದು ಮಾಡುವ ಕ್ರಮದಲ್ಲಿ. ಅಲ್ಲಿನವರು ಪುಡಿಯನ್ನು ನೀರಲ್ಲಿ ಕುದಿಸಿ, ಚರಟ ತಳಕ್ಕೆ ಇಳಿದ ಮೇಲೆ ಮೇಲಿನದನ್ನು ಬಗ್ಗಿಸಿ ಕುಡಿಯುತ್ತಿದ್ದರು. ಕಾಗದದಲ್ಲಿ ಸೋಸಿದರೆ ಎಣ್ಣೆ ಕಾಗದದಲ್ಲೇ ಉಳಿಯುತ್ತದೆ. ದಿನಕ್ಕೆ 10 ಮಿಲಿಗ್ರಾಂ ಕೆಫೆಸ್ಟಾಲ್ ಹೊಟ್ಟೆ ಸೇರಿದರೆ ಕೊಲೆಸ್ಟರಾಲ್ ಸುಮಾರು 5 ಅಂಕ (ಮಿ.ಗ್ರಾಂ/ಡೆ.ಲೀ.) ಏರುತ್ತದೆ ಎಂಬುದು ಸಂಶೋಧಕರ ಲೆಕ್ಕ. ಒಂದು ಲೋಟಕ್ಕೆ ಇದು ಹೆಚ್ಚಲ್ಲ. ದಿನಕ್ಕೆ ನಾಲ್ಕೈದು ಲೋಟ, ವರ್ಷಗಟ್ಟಲೆ ಎಂದಾದರೆ, ಅದರಲ್ಲೂ ಕೊಲೆಸ್ಟರಾಲಿಗೆ ಮಾತ್ರೆ ನುಂಗುತ್ತಿರುವವರಿಗೆ, ಇದು ಗಮನಿಸಬೇಕಾದ ವಿಷಯ.

ಹಾಗಾದರೆ ನಮ್ಮ ಹಳೆಯ ಮನೆಗಳ ಕಾಫಿ ಕೆಟ್ಟದ್ದೇ? ಇಲ್ಲಿ ಬರುತ್ತದೆ ಫಾರ್ವರ್ಡ್ ಮರೆತ ವಸ್ತು. ಫಿಲ್ಟರ್ ಕೊಳ್ಳದ ಮನೆಗಳಲ್ಲಿ ಕುದಿಸಿದ ಕಾಫಿಯನ್ನು ತೆಳು ಹತ್ತಿ ಬಟ್ಟೆಯಲ್ಲಿ ಸೋಸಿ, ಹಿಂಡಿ ತೆಗೆಯುತ್ತಿದ್ದರು. ಸಿಂಗಪುರದಲ್ಲೂ ಹಳೇ ಕಾಫಿ ಅಂಗಡಿಗಳು ಕಾಲುಚೀಲದ ಹಾಗಿರುವ ಬಟ್ಟೆಯಲ್ಲಿ ಸೋಸುತ್ತವೆ. ಆ ಕಾಫಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಕೆಫೆಸ್ಟಾಲ್ ತೀರ ಕಡಿಮೆ ಕಂಡಿತು. ಬಟ್ಟೆಯೂ ಎಣ್ಣೆ ಹಿಡಿಯುತ್ತದೆ. ಸ್ಟೀಲ್ ಜಾಲರಿಯ ಸೋಸಣಿಗೆ ಆ ಗುಣವಿಲ್ಲ, ಅದು ಚರಟವನ್ನಷ್ಟೇ ತಡೆಯುತ್ತದೆ. ಸೋಸಿಗೆಯ ಬಟ್ಟೆಯನ್ನು ಹಳ್ಳಿಗಾಡಿನದೆಂದು ನಾಚಿ ಮೂಲೆಗೆ ಹಾಕಿದವರು ಹೊಸದೇನನ್ನೋ ಗಳಿಸಿದರು ಎನ್ನಲು ನನಗೆ ಮನಸ್ಸಿಲ್ಲ.

ಎರಡನೆಯದು ಎತ್ತಿ ಹೊಯ್ಯುವುದು. ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಲೋಟಕ್ಕೆ ಮೇಲಿಂದ ಹೊಯ್ದರೆ ನೊರೆ ಬರುತ್ತದೆ, ಕಾಫಿ ಆರುತ್ತದೆ. ಮೇಲೆ ಹೇಳಿದ 2016ರ ವರದಿಯೇ, ಕಾಫಿ, ಚಹಾ ಯಾವುದೇ ಇರಲಿ, 65 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿ ಕುಡಿಯುವುದು ಅನ್ನನಾಳದ ಕ್ಯಾನ್ಸರಿಗೆ ಬಹುಶಃ ಕಾರಣ ಎಂದಿದೆ. ದೋಷ ಪಾನೀಯದ್ದಲ್ಲ, ಬಿಸಿಯದ್ದು. ನಾಲಗೆ ಸುಡುವ ಕಾಫಿಯೇ ಕಾಫಿ ಎನ್ನುವ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಎರಡು ಸಲ ಹೆಚ್ಚು ಹೊಯ್ದು ಕೊಡಿ.

ಬೆಲ್ಲಕ್ಕೆ ಇಷ್ಟು ಮಾತು ಬೇಡ. ಅದರಲ್ಲಿ ಹೆಚ್ಚಿನ ಪಾಲು ಸಕ್ಕರೆಯೇ. ಮಧುಮೇಹ ಇದ್ದವರಿಗೆ ಬೆಲ್ಲದ ಕಾಫಿ ಸುರಕ್ಷಿತ ಎಂಬ ಮಾತು ಅಪಾಯಕಾರಿ. ಬೆಲ್ಲದ ಕಬ್ಬಿಣದಂಶದ ಪ್ರಶಂಸೆಯೂ ಕಾಫಿಯಲ್ಲಿ ಸಲ್ಲದು. 1983ರ ಪ್ರಯೋಗವೊಂದರಲ್ಲಿ ಊಟದ ಜೊತೆ ಕುಡಿದ ಒಂದು ಕಪ್ ಕಾಫಿ ಕಬ್ಬಿಣ ಹೀರಿಕೆಯನ್ನು 39 ಶೇಕಡಾ ತಗ್ಗಿಸಿತ್ತು. ಐಸಿಎಂಆರ್‌ನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ 2024ರ ಮಾರ್ಗಸೂಚಿ, ಊಟಕ್ಕೆ ಒಂದು ಗಂಟೆ ಮೊದಲು ಮತ್ತು ಒಂದು ಗಂಟೆ ನಂತರ ಕಾಫಿ, ಚಹಾ ಬೇಡ ಎನ್ನುತ್ತದೆ. ರಕ್ತಹೀನತೆ ಇರುವ ಹೆಂಗಸರು ಇದನ್ನು ಮರೆಯಬಾರದು. ದಿನದ ಕೆಫೀನ್ 300 ಮಿಲಿಗ್ರಾಂ ಮೀರಬಾರದೆಂದೂ ಅದು ಹೇಳಿದೆ. 150 ಮಿಲಿಲೀಟರ್ ಪುಡಿ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ ಇರುತ್ತದೆ, ಲೆಕ್ಕ ಹಾಕಿಕೊಳ್ಳಿ.

ಹಿತ್ತಾಳೆ ಲೋಟ ಬಳಸುವುದಾದರೆ ಒಳಗೆ ಕಲಾಯಿ ಇರಲೇಬೇಕು. ಕಾಫಿ ತುಸು ಆಮ್ಲೀಯ, ಬಿಸಿ ಬೇರೆ. ಕಲಾಯಿ ಕಿತ್ತುಹೋದ ಪಾತ್ರೆಯಿಂದ ತಾಮ್ರ, ಸತು ಇಳಿಯಬಹುದು. ಅಜ್ಜಿಯರು ಕಲಾಯಿಯವನಿಗೆ ಕಾಯುತ್ತಿದ್ದದ್ದು ಸುಮ್ಮನೆ ಅಲ್ಲ.

ಚಿಕೋರಿ ವಿಷವೇ? ಅಲ್ಲ, ಅದೊಂದು ಗಿಡದ ಬೇರು, ಅದರಲ್ಲಿ ಕೆಫೀನ್ ಇಲ್ಲ. ಕಾನೂನಿನ ಪ್ರಕಾರ ಮಿಶ್ರಣದಲ್ಲಿ ಕನಿಷ್ಠ 51 ಶೇಕಡಾ ಕಾಫಿ ಇರಬೇಕು, ಎಷ್ಟು ಬೆರೆಸಿದೆ ಎಂದು ಪೊಟ್ಟಣದ ಮೇಲೆ ಬರೆದಿರಬೇಕು. ಶುದ್ಧ ಕಾಫಿ ಎಂದು ಕೊಟ್ಟದ್ದರಲ್ಲಿ ಅನುಮಾನವಿದ್ದರೆ ಒಂದು ಗಾಜಿನ ಲೋಟದ ತಣ್ಣೀರಿಗೆ ಚಿಟಿಕೆ ಪುಡಿ ಉದುರಿಸಿ. ಕಾಫಿ ತೇಲುತ್ತದೆ, ಚಿಕೋರಿ ಕಂದು ಗೆರೆ ಬಿಡುತ್ತಾ ಕೆಳಗಿಳಿಯುತ್ತದೆ.

ಹಿಂದಿನವರಿಗೆ ಶುಗರ್ ಇರಲಿಲ್ಲ ಎಂಬ ಮಾತಿಗೆ ಬರುವುದಾದರೆ, ಪರೀಕ್ಷೆ ಮಾಡಿದವರು ಯಾರು? ಬಲೆ ಎಳೆಯುವ, ಗದ್ದೆ ಹೂಡುವ ಮೈಗೆ ಒಂದು ಲೋಟ ಬೆಲ್ಲದ ಕಾಫಿ ಯಾವ ಲೆಕ್ಕ? ಅದೂ ಅಲ್ಲದೆ ಕರಾವಳಿಯಲ್ಲಿ ಮನೆಗೆ ಬಂದವರಿಗೆ ಆಸರಿಗೆಗೆ ಕೊಡುತ್ತಿದ್ದದ್ದು ಬೆಲ್ಲ, ನೀರು. ಸಾಮಾನ್ಯರ ಮನೆಯಲ್ಲಿ ಕಾಫಿ ದಿನನಿತ್ಯದ್ದಾದದ್ದು 20ನೇ ಶತಮಾನದಲ್ಲಿ.

ಬಟ್ಟೆ ಸೋಸಿಗೆ ಮತ್ತೆ ಹೊರತೆಗೆಯುವವರಿಗೆ ಒಂದು ಸೂಚನೆ. ಬಟ್ಟೆ ಹಿಡಿದ ಎಣ್ಣೆ ಅಲ್ಲೇ ಉಳಿದರೆ ಕಮಟು ವಾಸನೆ ಬರುತ್ತದೆ. ಪ್ರತಿ ಸಲವೂ ಬಿಸಿನೀರಿನಲ್ಲಿ ತೊಳೆಯಿರಿ, ಪರಿಮಳದ ಸೋಪು ಬೇಡ. ಆಗಾಗ ಕುದಿಯುವ ನೀರಿನಲ್ಲಿ ಹಾಕಿ ತೆಗೆಯಿರಿ. ಬೇಸಿಗೆಯಲ್ಲಿ ಬಿಸಿಲಿಗೆ ಒಣಗಿಸಿದರೆ ಸಾಕು. ಮಳೆಗಾಲದಲ್ಲಿ ಒದ್ದೆ ಬಟ್ಟೆಗೆ ಬೂಸ್ಟು ಹಿಡಿಯುವುದು ಬೇಗ, ಹಾಗಾಗಿ ಎರಡು ಮೂರು ತುಂಡು ಇಟ್ಟುಕೊಂಡು ಬದಲಿಸುತ್ತಿರಿ, ಕಪ್ಪು ಚುಕ್ಕೆ ಕಂಡದ್ದನ್ನು ಎಸೆಯಿರಿ.