ಸರ್ವರ್ ಇಲ್ಲವೋ, ದಾರಿ ಇಲ್ಲವೋ?

ಮನೆವಾರ್ತೆಯ ಸಂಗತಿಗಳನ್ನು ಹೇಳಿಕೊಂಡು ಬಂದಿರುವ ಈ ಅಂಕಣದಲ್ಲಿ ಈ ತಿಂಗಳು ಗಣಕಯಂತ್ರದ ಮಾತನ್ನೆತ್ತಿರುವುದಕ್ಕೆ ಹಿರಿಯರು ಹುಬ್ಬು ಗಂಟಿಕ್ಕಬಾರದಾಗಿ ವಿನಂತಿ. ಪಹಣಿಗೆಂದಾಗಲಿ, ಪಿಂಚಣಿಗೆಂದಾಗಲಿ, ಮಕ್ಕಳ ವಿದ್ಯಾರ್ಥಿವೇತನಕ್ಕೆಂದಾಗಲಿ ಕಿಟಕಿಯ ಮುಂದೆ ನಿಂತವರಲ್ಲಿ "ಸರ್ವರ್ ಇಲ್ಲ, ನಾಳೆ ಬನ್ನಿ" ಎಂಬ ಮಾತನ್ನು ಕೇಳದೆ ಮರಳಿದವರು ವಿರಳ. ಆ ಒಂದು ಮಾತಿಗೆ ಕೂಲಿಯ ಒಂದು ದಿನವೂ ಬಸ್ಸಿನ ಎರಡು ಟಿಕೆಟ್ಟೂ ಹೋಗುತ್ತವೆ. ಅದು ನಿಜವೇ ಎಂದು ಯಾರೂ ವಿಚಾರಿಸುವುದಿಲ್ಲ. ವಿಚಾರಿಸುವ ಬಗೆ ಒಂದುಂಟೆಂದು ನಮಗೆ ಮನದಟ್ಟಾದದ್ದು ಹಿಂದಿನ ಒಂದು ಮುಂಗಾರಿನಲ್ಲಿ.

ಅಂದು ತೊಗರಿಯ ಬೆಳೆ ವಿಮೆಗೆ ಹೆಸರು ನೋಂದಾಯಿಸಲು ಕಡೆಯ ದಿನ. ನಮ್ಮ ತಮ್ಮನ ಮನೆ ಕಮಲಾಪುರದಲ್ಲಿ. ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ಹೆದ್ದಾರಿಯಲ್ಲಿರುವ, ಕೆಂಪು ಬಾಳೆಗೆ ಹೆಸರಾದ ಆ ಊರನ್ನು ಓದುಗರಲ್ಲಿ ಅನೇಕರು ಬಲ್ಲರು. ಮಧ್ಯಾಹ್ನದ ಊಟಕ್ಕೆ ಕುಳಿತಿದ್ದಾಗ ತಮ್ಮನ ಮಗಳು ದೂರವಾಣಿಯಲ್ಲಿ ಕರೆದಳು. "ದೊಡ್ಡಪ್ಪಾರೀ, ಮುಂಜಾನಿಯಿಂದ ಸರ್ವರ್ ಇಲ್ಲಂತ ಹೇಳ್ಲಿಕತ್ತಾರ. ಅಪ್ಪಂದೂ ಆಗಿಲ್ಲ, ಬಾಜೂ ಮನಿ ಆಯಿದೂ ಆಗಿಲ್ಲ. ಇವತ್ತೇ ಕಡೀ ದಿನಾ ಅದ" ಎಂದಳು. ಆಯಿ ಎಂದರೆ ಎಪ್ಪತ್ತು ದಾಟಿದ ಒಂಟಿ ಜೀವ. ಆಕೆಯ ನಾಲ್ಕು ಎಕರೆ ಮಳೆಯನ್ನೇ ನಂಬಿದ ಹೊಲ.

ಹುಡುಗಿ ಕಲಬುರಗಿಯಲ್ಲಿ ಓದುವವಳು, ರಜೆಗೆ ಊರಿಗೆ ಹೋಗಿದ್ದಳು. ಅವಳ ಚಿಕ್ಕ ಗಣಕದಲ್ಲಿ ಲಿನಕ್ಸ್ ಇದೆಯೆಂದು ನಮಗೆ ಗೊತ್ತಿತ್ತು. ನಾವು ನೌಕರಿಯಲ್ಲಿದ್ದಾಗ ಕಪ್ಪು ಪರದೆಯ ಮೇಲೆ ಅಕ್ಷರ ಟೈಪು ಮಾಡಿಯೇ ಎಲ್ಲ ಕೆಲಸ ನಡೆಯಿಸಿದವರು; ಇಲಿಯನ್ನು ಹಿಡಿದು ಚಿತ್ರ ಒತ್ತುವ ಪದ್ಧತಿ ನಮಗಿಂದಿಗೂ ಪರಕೀಯವೇ. ಆದುದರಿಂದ ಅವಳಿಗೆ, ಸೇವಾ ಕೇಂದ್ರದ ಹುಡುಗನನ್ನು ಕೇಳಿಕೊಂಡು ಅಲ್ಲಿಯ ವೈಫೈಗೆ ನಿನ್ನ ಗಣಕವನ್ನು ಸೇರಿಸು, ಟರ್ಮಿನಲ್ ತೆರೆ, ನಾವು ಹೇಳಿದಂತೆ ಬರೆ ಎಂದೆವು. ಆ ಹುಡುಗ ಒಳ್ಳೆಯವನು, ಬೇಡವೆನ್ನಲಿಲ್ಲ.

ಇಲ್ಲಿ ಕಥೆಯನ್ನು ಕೊಂಚ ನಿಲ್ಲಿಸಿ ವಿಷಯವನ್ನು ವಿವರಿಸುವುದು ಉಚಿತ. ಎರಡು ಗಣಕಗಳು ಮಾತನಾಡಬೇಕಾದರೆ ಮೂರು ಸಂಗತಿಗಳು ಕೂಡಿಬರಬೇಕು. ಹೆಸರು ಗೊತ್ತಿದ್ದರೆ ಸಾಲದು, ಆ ಹೆಸರಿಗೆ ತಕ್ಕ ಅಂಕಿಯ ವಿಳಾಸ ದೊರೆಯಬೇಕು. ಅದನ್ನು ಹುಡುಕಿಕೊಡುವ ವ್ಯವಸ್ಥೆಗೆ ಡಿಎನ್‌ಎಸ್ ಎನ್ನುತ್ತಾರೆ. ಆ ವಿಳಾಸದವರೆಗೆ ದಾರಿ ತೆರೆದಿರಬೇಕು. ದಾರಿ ಮುಗಿದಲ್ಲಿ ನಾವು ತಟ್ಟುವ ಬಾಗಿಲ ಹಿಂದೆ ಓಗೊಡುವವರು ಇರಬೇಕು. ಈ ಬಾಗಿಲುಗಳಿಗೆ ಪೋರ್ಟ್ ಎಂದು ಹೆಸರು. ಪೋರ್ಟ್ ಸಂಖ್ಯೆಗಳು 65535ರವರೆಗೆ ಇವೆ. ಬೀಗದ ಗುರುತಿನ ಸುರಕ್ಷಿತ ಜಾಲತಾಣಗಳು ಸಾಮಾನ್ಯವಾಗಿ 443ನೆಯ ಬಾಗಿಲಿನಲ್ಲಿ ಕುಳಿತಿರುತ್ತವೆ. ಈ ಮೂರರಲ್ಲಿ ಯಾವುದು ಕೆಟ್ಟರೂ ಕಿಟಕಿಯಲ್ಲಿ ಕುಳಿತವನಿಗೆ ಕಾಣುವುದು ತೆರೆಯದ ಪುಟವೊಂದೇ. ಮೂರಕ್ಕೂ ಅವನು ಕೊಡುವ ಹೆಸರು "ಸರ್ವರ್ ಇಲ್ಲ."

ದಾರಿಯನ್ನು ಪರೀಕ್ಷಿಸುವ ಹಳೆಯ ಉಪಕರಣ ಪಿಂಗ್. ಅಮೆರಿಕದ ಸೇನಾ ಪ್ರಯೋಗಾಲಯವೊಂದರಲ್ಲಿದ್ದ ಮೈಕ್ ಮೂಸ್ ಎಂಬವರು 1983ರ ಡಿಸೆಂಬರಿನಲ್ಲಿ, ತಮ್ಮ ಜಾಲದ ತೊಂದರೆಯೊಂದನ್ನು ಪತ್ತೆಮಾಡಲು ಅದನ್ನು ಬರೆದರು. ಜಲಾಂತರ್ಗಾಮಿಗಳು ಶಬ್ದ ಹೊರಡಿಸಿ ಪ್ರತಿಧ್ವನಿಗೆ ಕಾಯುವ ಕ್ರಮವೇ ಅದಕ್ಕೆ ಮಾದರಿ, ಹೆಸರೂ ಆ ಶಬ್ದದ್ದೇ. "ಇದ್ದೀರಾ?" ಎಂದರೆ "ಇದ್ದೇವೆ" ಎಂಬ ಉತ್ತರ ಎಷ್ಟು ಹೊತ್ತಿನಲ್ಲಿ ಬಂತೆಂದು ಅದು ತಿಳಿಸುತ್ತದೆ. ಆದರೆ ಅದನ್ನೊಂದನ್ನೇ ನೆಚ್ಚಲಾಗದು. ಅನೇಕ ಸರ್ವರುಗಳು ಭದ್ರತೆಯ ಕಾರಣದಿಂದ ಪಿಂಗಿಗೆ ಉತ್ತರಿಸುವುದೇ ಇಲ್ಲ, ಆದರೂ ತಮ್ಮ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿರುತ್ತವೆ.

ಆಗ ಬೇಕಾಗುವುದು ನೆಟ್‌ಕ್ಯಾಟ್. ವಿದೇಶ ಸಂಚಾರ ನಿಗಮವು ಭಾರತದ ಜನಸಾಮಾನ್ಯರಿಗೆ ಇಂಟರ್ನೆಟ್ಟನ್ನು ತೆರೆದದ್ದು 1995ರ ಆಗಸ್ಟ್ 15ರಂದು. ಅದೇ ವರ್ಷ ಹಾಬಿಟ್ ಎಂಬ ಅಂಕಿತನಾಮದವರೊಬ್ಬರು ಈ ಪುಟ್ಟ ಉಪಕರಣವನ್ನು ಹೊರತಂದರು. ಟರ್ಮಿನಲ್ಲಿನಲ್ಲಿ ಎನ್‌ಸಿ ಎಂಬ ಎರಡೇ ಅಕ್ಷರ ಬರೆದರೆ ಅದು ಓಡುತ್ತದೆ. ಎನ್‌ಸಿ ಎಂದು ಬರೆದು, ಒಂದು ಸಣ್ಣ ಅಡ್ಡಗೆರೆ ಹಾಕಿ ಜೆಡ್ ಮತ್ತು ವಿ ಎಂದು ಬರೆದು, ಬಳಿಕ ಸರ್ವರಿನ ಹೆಸರನ್ನೂ 443 ಎಂಬ ಸಂಖ್ಯೆಯನ್ನೂ ಕೊಟ್ಟರೆ, ಅದು ಆ ಬಾಗಿಲನ್ನು ತಟ್ಟಿ ನೋಡಿ ಬರುತ್ತದೆ. ಜೆಡ್ ಎಂದರೆ ಏನನ್ನೂ ಕಳುಹಿಸಬೇಡ, ತಟ್ಟಿ ನೋಡಿದರೆ ಸಾಕು ಎಂದು. ವಿ ಎಂದರೆ ಕಂಡದ್ದನ್ನು ಬಾಯಿಬಿಟ್ಟು ಹೇಳು ಎಂದು. ಡಬ್ಲ್ಯೂ ಮತ್ತು 5 ಎಂದು ಸೇರಿಸಿದರೆ ಐದು ಸೆಕೆಂಡಿಗಿಂತ ಹೆಚ್ಚು ಕಾಯುವುದಿಲ್ಲ. ವಿಂಡೋಸ್ ಇರುವವರಿಗೆ ಪವರ್‌ಶೆಲ್ಲಿನ ಟೆಸ್ಟ್ ನೆಟ್‌ಕನೆಕ್ಷನ್ ಎಂಬ ಆಜ್ಞೆ ಇದೇ ಕೆಲಸವನ್ನು ಮಾಡಿಕೊಡುತ್ತದೆ.

ಅದು ತರುವ ಉತ್ತರವನ್ನು ಓದುವುದರಲ್ಲಿಯೇ ಎಲ್ಲ ಸ್ವಾರಸ್ಯವಿದೆ. ಟ್ರಂಕ್ ಕಾಲಿನ ಕಾಲವನ್ನು ಕಂಡ ಹಿರಿಯರಿಗೆ ಇದು ಕೂಡಲೇ ತಿಳಿಯುತ್ತದೆ. ಆಗ ಎಕ್ಸ್‌ಚೇಂಜಿನವರು "ಆ ನಂಬರೇ ಇಲ್ಲ" ಎಂದದ್ದಕ್ಕೂ, "ಗಂಟೆ ಹೊಡೆಯುತ್ತಿದೆ, ಯಾರೂ ಎತ್ತುತ್ತಿಲ್ಲ" ಎಂದದ್ದಕ್ಕೂ, ಆ ಕಡೆಯವರು ಎತ್ತಿದೊಡನೆ ಕೆಳಗಿಟ್ಟದ್ದಕ್ಕೂ ಅರ್ಥ ಬೇರೆ ಬೇರೆಯಾಗಿತ್ತಷ್ಟೆ? ಹಾಗೆಯೇ ಇಲ್ಲಿ ಹೆಸರು ಬಗೆಹರಿಯಲಿಲ್ಲ ಎಂದು ಬಂದರೆ, ನಾವು ಇನ್ನೂ ಹೊಸ್ತಿಲನ್ನೇ ದಾಟಿಲ್ಲ; ಆ ಹೆಸರನ್ನು ಸರಿಯಾಗಿ ಬರೆದಿದ್ದರೆ ದೋಷವಿರುವುದು ಬಹುಮಟ್ಟಿಗೆ ಡಿಎನ್‌ಎಸ್‌ನಲ್ಲಿ. ಸಂಪರ್ಕ ನಿರಾಕರಿಸಲಾಯಿತು ಎಂದು ತಟ್ಟನೆ ಬಂದರೆ, ಅದು ನಿರಾಸೆಯ ಮಾತಾದರೂ ಒಂದು ಶುಭವಾರ್ತೆಯನ್ನು ಹೊತ್ತಿರುತ್ತದೆ: ದಾರಿ ಸರಿಯಾಗಿದೆ, ಸಾಮಾನ್ಯವಾಗಿ ಆ ಯಂತ್ರವೂ ಎಚ್ಚರವಿದೆ, ಬಾಗಿಲಲ್ಲಿ ಕುಳಿತುಕೊಳ್ಳಬೇಕಾದ ತಂತ್ರಾಂಶ ಮಾತ್ರ ಕುಳಿತಿಲ್ಲ. ಆಗ ಕಾಯುವುದೇ ಉಪಾಯ. ಏನೂ ಬಾರದೆ ಕಾಲ ಮೀರಿತು ಎಂದರೆ, ದಾರಿಯಲ್ಲಿ ಎಲ್ಲಿಯೋ ತಡೆಯಿದೆ, ಇಲ್ಲವೆ ಕಾವಲಿನ ತಂತ್ರಾಂಶವು ನಮ್ಮ ತಟ್ಟುವಿಕೆಯನ್ನು ಸದ್ದಿಲ್ಲದೆ ನುಂಗಿದೆ, ಇಲ್ಲವೆ ಆ ಯಂತ್ರವೇ ಮಲಗಿದೆ. ಈ ಮೂರನೆಯ ಉತ್ತರವೇ ಬಿಡಿಸಲು ಕಷ್ಟವಾದುದು. ಸಂಪರ್ಕ ಸಫಲವಾಯಿತು ಎಂದು ಬಂದೂ ಪುಟ ತೆರೆಯದಿದ್ದರೆ, ತೊಂದರೆ ಆ ತಾಣದ ಒಳಗಿನದು ಅಥವಾ ನಮ್ಮ ಬ್ರೌಸರಿನದು.

ಈಗ ಕಮಲಾಪುರಕ್ಕೆ ಮರಳೋಣ. ಮೊದಲು ಕೇಂದ್ರದ ರೌಟರನ್ನು ಪಿಂಗ್ ಮಾಡಿಸಿದೆವು, ಉತ್ತರ ಬಂತು. ಎರಡನೆಯದಾಗಿ ಗೂಗಲ್ ಸಂಸ್ಥೆಯು 2009ರಿಂದ ಸಾರ್ವಜನಿಕರಿಗಾಗಿ ನಡೆಸುತ್ತಿರುವ ಡಿಎನ್‌ಎಸ್‌ನ ವಿಳಾಸ, ನಾಲ್ಕು ಎಂಟುಗಳನ್ನು ಚುಕ್ಕಿಯಿಂದ ಬೇರ್ಪಡಿಸಿದ್ದು, ಅದನ್ನು ಪಿಂಗ್ ಮಾಡಿಸಿದೆವು. ಅದರಿಂದಲೂ ಉತ್ತರ ಬಂತು. ಎಂದಮೇಲೆ ಊರಿನಿಂದ ಹೊರಗೆ ದಾರಿ ತೆರೆದೇ ಇತ್ತು. ಮೂರನೆಯದಾಗಿ ನೋಂದಣಿಯ ತಾಣದ ಹೆಸರಿಗೆ ನೆಟ್‌ಕ್ಯಾಟ್ ಓಡಿಸಿದಾಗ ಹೆಸರು ಬಗೆಹರಿಯಲಿಲ್ಲ ಎಂದು ಬಂತು. ಇತ್ತ ಕಲಬುರಗಿಯಲ್ಲಿ ನಮ್ಮ ಗಣಕದಲ್ಲಿ ಅದೇ ಆಜ್ಞೆಯನ್ನು ಕೊಟ್ಟೆವು: ಸಂಪರ್ಕ ಸಫಲ! ಸರ್ವರ್ ಬೆಳಗಿನಿಂದಲೂ ಇದ್ದಿರಬೇಕು. ಕೆಟ್ಟದ್ದು ಕೇಂದ್ರಕ್ಕೆ ಸಂಪರ್ಕ ಕೊಟ್ಟವರ ಕಡೆಯ, ಹೆಸರಿಗೆ ವಿಳಾಸ ಹುಡುಕಿಕೊಡುವ ಯಂತ್ರ ಮಾತ್ರ.

ಹುಡುಗಿ ಮೊದಲು ತನ್ನ ಗಣಕದಲ್ಲಿ ಡಿಎನ್‌ಎಸ್ ವಿಳಾಸವನ್ನು ಆ ನಾಲ್ಕು ಎಂಟಕ್ಕೆ ಬದಲಿಸಿ ಮತ್ತೊಮ್ಮೆ ತಟ್ಟಿದಳು, ಬಾಗಿಲು ತೆರೆಯಿತು. ಬಳಿಕ ಹುಡುಗನಿಗೆ ತೋರಿಸಿ ಕೇಂದ್ರದ ಗಣಕದಲ್ಲಿಯೂ ಹಾಗೆಯೇ ಮಾಡಿಸಿದಳು. "ಅಕ್ಕಾ, ಇದು ನಮಗ ಯಾರೂ ಹೇಳಿಕೊಟ್ಟಿಲ್ರೀ" ಎಂದನಂತೆ ಅವನು. ಅದು ಸುಳ್ಳಲ್ಲ. ಯಂತ್ರ ಕೊಟ್ಟವರು ಅರ್ಜಿ ತುಂಬುವುದನ್ನು ಕಲಿಸುತ್ತಾರೆಯೇ ಹೊರತು ಯಂತ್ರ ಮುನಿಸಿಕೊಂಡರೆ ಕಾರಣ ಕೇಳುವುದನ್ನು ಕಲಿಸುವುದಿಲ್ಲ.

ಮನೆಯಲ್ಲಿ ಎರಡು ಗಣಕಗಳಿರುವವರು ಇದನ್ನು ಮಕ್ಕಳಿಂದ ಮಾಡಿಸಿ ನೋಡಬಹುದು. ಒಂದರಲ್ಲಿ ಎನ್‌ಸಿ, ಅಡ್ಡಗೆರೆಯೊಡನೆ ಎಲ್, ಬಳಿಕ 5000 ಎಂದು ಬರೆದರೆ ಅದು ಆ ಬಾಗಿಲಲ್ಲಿ ಕಿವಿಗೊಟ್ಟು ಕೂಡುತ್ತದೆ. ಹಳೆಯ ಕೆಲವು ಆವೃತ್ತಿಗಳಲ್ಲಿ ಸಂಖ್ಯೆಗೆ ಮುಂಚೆ ಅಡ್ಡಗೆರೆಯೊಡನೆ ಪಿ ಎಂದೂ ಬರೆಯಬೇಕು. ಇನ್ನೊಂದರಲ್ಲಿ ಎನ್‌ಸಿ, ಮೊದಲನೆಯದರ ಅಂಕಿಯ ವಿಳಾಸ, 5000 ಎಂದು ಬರೆದರೆ, ಇಲ್ಲಿ ಬರೆದ ಸಾಲು ಅಲ್ಲಿ ಮೂಡುತ್ತದೆ. ಆದರೆ ಈ ಉಪಕರಣ ಏನನ್ನೂ ಮುಚ್ಚಿ ಕಳುಹಿಸುವುದಿಲ್ಲ. ನಡುವೆ ಇಣುಕಿದವರಿಗೆ ಎಲ್ಲವೂ ಕಾಣುತ್ತದೆಯಾದುದರಿಂದ ಆಧಾರ್, ಬ್ಯಾಂಕಿನ ಕಾಗದಗಳನ್ನು ಇದರ ಮೂಲಕ ಸಾಗಿಸಕೂಡದು. ಪರರ ಯಂತ್ರಗಳ ಬಾಗಿಲುಗಳನ್ನು ಸಾಲಾಗಿ ತಟ್ಟುತ್ತ ಹೋಗುವುದೂ ಸಲ್ಲದು. ಅಪ್ಪಣೆಯಿಲ್ಲದೆ ಒಳಹೊಕ್ಕವರಿಗೆ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯಂತೆ ಶಿಕ್ಷೆಯುಂಟು.

ಮೂರೂವರೆಯ ಹೊತ್ತಿಗೆ ಆಯಿಯ ಹೆಸರು ನೋಂದಣಿಯಾಗಿ ರಸೀತಿ ಕೈಗೆ ಬಂತು. ಅದನ್ನು ಆಕೆ ನಾಲ್ಕು ಮಡಿಕೆ ಮಾಡಿ ಎಲೆಯಡಿಕೆ ಚೀಲದಲ್ಲಿಟ್ಟುಕೊಂಡಳೆಂದು ತಿಳಿಯಿತು. ತಮ್ಮನದೂ ಆಯಿತು. ಆದರೆ "ನಾಳೆ ಬನ್ನಿ" ಎಂಬ ಮಾತನ್ನು ನಂಬಿ ಮಧ್ಯಾಹ್ನವೇ ತಮ್ಮ ತಮ್ಮ ಹಳ್ಳಿಗಳಿಗೆ ಮರಳಿದವರು ಐದು ಜನರಿದ್ದರು. ಹುಡುಗ ಅರ್ಜಿಗಳ ಮೇಲಿದ್ದ ಸಂಖ್ಯೆಗಳಿಗೆ ಒಂದೊಂದಾಗಿ ಕರೆ ಮಾಡಿದ. ಮೂವರು ಸಂಜೆಯ ಬಸ್ಸಿಗೆ ಬಂದು ಕೆಲಸ ಮುಗಿಸಿಕೊಂಡರು. ಒಬ್ಬರ ದೂರವಾಣಿ ಹತ್ತಲಿಲ್ಲ. ಇನ್ನೊಬ್ಬರು ಹೊಲದಲ್ಲಿದ್ದರು, ಮನೆಗೆ ಬಂದು ಸುದ್ದಿ ಕೇಳುವಷ್ಟರಲ್ಲಿ ಕಮಲಾಪುರಕ್ಕೆ ಬರುವ ಬಸ್ಸು ಹೊರಟುಹೋಗಿತ್ತು.